ನನ್ನ ಎಡಗಡೆ ಆಡುತ್ತಿದ್ದವನು

ಹನ್ನೊಂದು ವರ್ಷ ನಾನು ಒಬ್ಬನೇ ಮನುಷ್ಯನ ಬಲಗಡೆ ನಿಂತು ಫುಟ್‌ಬಾಲ್ ಆಡಿದೆ. ನಾವಿಬ್ಬರೂ ಡಿಫೆಂಡರ್‌ಗಳು. ಗೋಲ್‌ಕೀಪರನ ಮುಂದೆ, ನಟ್ಟನಡುವೆ ನಿಲ್ಲುವ ಜೋಡಿ. ಮುಂಬೈ ಮೈದಾನಗಳಲ್ಲಿ ನಮ್ಮಂಥವರನ್ನು ಸ್ಟಾಪರ್ ಅನ್ನುತ್ತಿದ್ದರು. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಲೇ ಎಂದು ಅವನ ಹೆಂಡತಿಯನ್ನು ಕೇಳಿದ್ದೆ. "ಎಲ್ಲಾ ಬರೀರಿ ಭಾಯ್, ಹೆಸರೊಂದು ಬ್ಯಾಡ" ಅಂದರು. ಹಾಗಾಗಿ ನನ್ನ ಹೆಸರೂ ಇಲ್ಲಿಲ್ಲ.

ನಾನು ಹುಟ್ಟಿದ್ದು ಧಾರಾವಿಯಲ್ಲಿ. ಅಪ್ಪ ಕಲಬುರಗಿ ಕಡೆಯಿಂದ ಬಂದು ಚರ್ಮದ ಚೀಲ ಹೊಲಿಯುವ ಕೆಲಸಕ್ಕೆ ಸೇರಿದ್ದ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ, ಶಾಲೆಯಲ್ಲಿ ಮರಾಠಿ. ಓದು ಹತ್ತಲಿಲ್ಲ, ಕಾಲು ಚೆನ್ನಾಗಿ ಓಡುತ್ತಿತ್ತು. ಇಪ್ಪತ್ತು ತುಂಬುವ ಹೊತ್ತಿಗೆ ಒಂದು ದೊಡ್ಡ ಕಂಪನಿಯ ಟೀಮಿಗೆ ಟ್ರಯಲ್ಸ್ ಇದೆ ಎಂದು ಸುದ್ದಿ ಬಂತು. ಆಗ ಈ ಊರಲ್ಲಿ ಚೆಂಡು ಒದ್ದು ಬದುಕಬೇಕೆಂದರೆ ಅದೊಂದೇ ದಾರಿ. ಕಂಪನಿಯಲ್ಲಿ ನೌಕರಿ ಕೊಡುತ್ತಿದ್ದರು. ಬೆಳಿಗ್ಗೆ ಪ್ರಾಕ್ಟೀಸ್, ಮಧ್ಯಾಹ್ನ ಆಫೀಸಿನಲ್ಲಿ ಹಾಜರಿ.

ಟ್ರಯಲ್ಸ್ ದಿನ ಬೆಳಗಿನಿಂದಲೇ ಮಳೆ. ಕೆಸರಲ್ಲಿ ಜಾರಿ ಬಿದ್ದು, ಸಿಟ್ಟಿಗೆ ಕನ್ನಡದಲ್ಲಿ ಒಂದು ಕೆಟ್ಟ ಬೈಗುಳ ಬೈದೆ. ಪಕ್ಕದಲ್ಲಿ ಆಡುತ್ತಿದ್ದ ಎತ್ತರದ ಹುಡುಗ ಆಟ ಬಿಟ್ಟು ತಿರುಗಿ ನೋಡಿದ.

"ಯಾವೂರಲೇ ನೀ?"

"ಧಾರಾವಿ."

"ಅದಲ್ಲೋ. ಅಪ್ಪನ ಊರು ಯಾವುದು?"

ಅವನ ಅಪ್ಪ ವಿಜಯಪುರದ ಕಡೆಯವರು, ಬೈಕುಲ್ಲಾದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಅವರದು ದಖನಿ ಉರ್ದು, ಆದರೆ ಅವನ ಕನ್ನಡ ನನ್ನದಕ್ಕಿಂತ ಗಟ್ಟಿ. ಆ ದಿನ ನಮ್ಮಿಬ್ಬರನ್ನೂ ಆರಿಸಿದರು. ಮೊದಲ ಪಂದ್ಯದಿಂದಲೇ ಮೈದಾನದಲ್ಲಿ ನಾವು ಮಾತಾಡುತ್ತಿದ್ದದ್ದು ಕನ್ನಡದಲ್ಲಿ. ಎದುರಾಳಿ ಫಾರ್ವರ್ಡ್‌ಗಳಿಗೆ ಏನೂ ತಿಳಿಯುತ್ತಿರಲಿಲ್ಲ. "ಬಿಡಬ್ಯಾಡ, ಹಿಂದ ಒಬ್ಬ ಬಂದಾನ" ಅಂತ ಅವನು ಕೂಗಿದರೆ ನಾನು ನೋಡದೆಯೇ ತಿರುಗುತ್ತಿದ್ದೆ.

ಡಿಫೆಂಡರನ ಬಾಳು ವಿಚಿತ್ರ. ತೊಂಬತ್ತು ನಿಮಿಷ ಸರಿಯಾಗಿ ಆಡಿದರೆ ಯಾರ ಗಮನಕ್ಕೂ ಬರುವುದಿಲ್ಲ. ಒಂದು ಸಲ ಜಾರಿದರೆ ಮರುದಿನ ಕ್ಯಾಂಟೀನಿನಲ್ಲಿ ಅದೇ ಮಾತು. ನಮಗೆ ಅದರ ಬೇಸರವಿರಲಿಲ್ಲ. ಎತ್ತರದಿಂದ ಬರುವ ಚೆಂಡುಗಳನ್ನೆಲ್ಲ ಅವನೇ ತಲೆಯಿಂದ ಹೊಡೆಯುತ್ತಿದ್ದ. ನನಗಿಂತ ನಾಲ್ಕು ಬೆರಳು ಉದ್ದ. ಅದಕ್ಕಾಗಿ ದಿನಾ ಬೆಳಿಗ್ಗೆ ಕೋಚ್ ಸಾಹೇಬರು ಮೂಲೆಯಿಂದ ಚೆಂಡು ಎಸೆಯುವರು, ಅವನು ಹಣೆಯಿಂದ ಗುದ್ದಿ ಗುದ್ದಿ ಹಿಂದಕ್ಕೆ ಕಳಿಸುವನು. ಮಳೆಗಾಲದಲ್ಲಿ ನೆಂದ ಹಳೆಯ ಚೆಂಡು ಕಲ್ಲಿನಂತಾಗಿರುತ್ತಿತ್ತು. ಒಮ್ಮೊಮ್ಮೆ ಆಫೀಸಿಗೆ ಹೋಗುವಾಗ ಬಸ್ಸಿನ ಕಿಟಕಿಯ ಸರಳಿಗೆ ಹಣೆಯೊತ್ತಿ ಕಣ್ಣು ಮುಚ್ಚಿ ಕೂರುತ್ತಿದ್ದ. "ತಲಿ ಗುಂಯ್ ಅನ್ನಾಕತ್ತದ" ಅನ್ನುತ್ತಿದ್ದ. ಚಹಾ ಕುಡಿದರೆ ಸರಿಹೋಗುತ್ತದೆ ಅಂತ ನಾನು ಚಹಾ ಕುಡಿಸುತ್ತಿದ್ದೆ.

ಈಗ ಒಂದು ಪಂದ್ಯದ ಸಂಗತಿ ಹೇಳಬೇಕು. ಸೆಮಿಫೈನಲ್ ಅದು. ವೃತ್ತಿಪರ ಲೀಗಿನ ಒಂದು ಕ್ಲಬ್ಬಿನವರು ನಮ್ಮ ಜೋಡಿಯನ್ನು ನೋಡಲೆಂದೇ ಬಂದು ಮೇಲೆ ಗ್ಯಾಲರಿಯಲ್ಲಿ ಕೂತಿದ್ದಾರೆ ಎಂದು ನಮಗೆ ಮೊದಲೇ ಗೊತ್ತಿತ್ತು. ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷ ಆಗಿರಬೇಕು. ನಡು ಮೈದಾನದಿಂದ ಎತ್ತರದ ಚೆಂಡೊಂದು ನಮ್ಮಿಬ್ಬರ ನಡುವೆ ಬಂತು. ಅಂಥ ಚೆಂಡು ಯಾರದೆಂದು ಕೂಗಿ ಹೇಳಬೇಕು. ಅವನು ಕೂಗಿದ. ನನಗೆ ಕೇಳಿಸಿತು, ಆದರೂ ನಾನು ಹಾರಿದೆ. ಮೇಲೆ ಕೂತವರ ಕಣ್ಣಿಗೆ ಬೀಳಬೇಕೆಂಬ ಆಸೆ, ಬೇರೇನಲ್ಲ. ನನ್ನ ಹಣೆಯ ಮೂಳೆ ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಆ ಸದ್ದು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ಅವನು ಬಿದ್ದವನು ಸ್ವಲ್ಪ ಹೊತ್ತು ಕದಲಲಿಲ್ಲ. ಆಮೇಲೆ ತಾನೇ ಎದ್ದು ಕೂತ. ನೀರು ಕುಡಿಸಿದೆವು.

"ಸ್ಕೋರ್ ಎಷ್ಟಾಗ್ಯದ?" ಅಂದ.

"ಒಂದು ಸೊನ್ನೆ. ನಾವು ಮುಂದ ಇದೀವಿ."

ಎದ್ದು ನಿಂತು ಶೂ ಲೇಸು ಕಟ್ಟಿಕೊಂಡ. ಮತ್ತೆ ನನ್ನ ಮುಖ ನೋಡಿ, "ಸ್ಕೋರ್ ಎಷ್ಟಾಗ್ಯದೋ?" ಅಂದ. ಅವನ ಕಣ್ಣು ನನ್ನ ಮೇಲಿತ್ತು, ನೋಟ ಇರಲಿಲ್ಲ.

ಗೆರೆಯಾಚೆಯಿಂದ ಕೋಚ್ ಸಾಹೇಬರು ಕೂಗಿದರು: "ಠೀಕ್ ಹೈ ಕ್ಯಾ ವೋ?"

ಅವನು ಸರಿಯಿದ್ದಾನಾ ಎಂದು ಅವರು ಕೇಳಿದ್ದು ನನ್ನನ್ನು. ಬೆಂಚಿನಲ್ಲಿದ್ದ ಬದಲಿ ಡಿಫೆಂಡರ್ ತೀರ ಹೊಸಬ. ಅವನು ಬಂದರೆ ನಮ್ಮ ಜೋಡಿ ಒಡೆಯುತ್ತದೆ, ಗೋಲು ಬೀಳುತ್ತದೆ, ಮೇಲೆ ಕೂತವರು ಎದ್ದು ಹೋಗುತ್ತಾರೆ. ಇಷ್ಟೆಲ್ಲ ನಾನು ಒಂದು ಉಸಿರಿನೊಳಗೆ ಯೋಚಿಸಿದೆ. ಹೆಬ್ಬೆರಳು ಎತ್ತಿ ತೋರಿಸಿ, "ಏಕ್‌ದಮ್ ಠೀಕ್ ಹೈ ಸಾಬ್" ಅಂದೆ.

ಅವನು ಉಳಿದ ಅರ್ಧ ಗಂಟೆಯನ್ನೂ ಆಡಿದ. ಮತ್ತೆ ನಾಲ್ಕೈದು ಸಲ ಚೆಂಡನ್ನು ತಲೆಯಿಂದಲೇ ಹೊಡೆದ. ನಾವು ಗೆದ್ದೆವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದು, "ಗೆದ್ವೋ ಸೋತ್ವೋ?" ಎಂದು ಕೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮುಂದೆ ಎಷ್ಟೋ ವರ್ಷ ಆ ಟೀಮಿನವರು ಸೇರಿದಾಗೆಲ್ಲ ಅದೇ ಜೋಕ್. ಆ ಕ್ಲಬ್ಬಿನವರು ನಮ್ಮಿಬ್ಬರನ್ನೂ ತೆಗೆದುಕೊಂಡರು. ನನ್ನ ಇಡೀ ವೃತ್ತಿ ನಿಂತಿರುವುದು ಆ ಅರ್ಧ ಗಂಟೆಯ ಮೇಲೆ.

ಮೊಣಕಾಲು ಕೈಕೊಟ್ಟ ಮೇಲೆ ನಾನು ಆಟ ಬಿಟ್ಟು ಕೋಚಿಂಗ್ ಪರೀಕ್ಷೆಗಳನ್ನು ಕಟ್ಟಿದೆ. ಮೊದಲು ಶಾಲೆಗಳಲ್ಲಿ, ಆಮೇಲೆ ಪವಾಯಿಯ ದೊಡ್ಡ ಬಿಲ್ಡಿಂಗುಗಳ ನಡುವಿನ ಒಂದು ಮೈದಾನದಲ್ಲಿ ಮಕ್ಕಳ ಅಕಾಡೆಮಿಗೆ ಮುಖ್ಯ ಕೋಚ್ ಆದೆ. ಅವನು ಕಂಪನಿಯ ನೌಕರಿಗೆ ಮರಳಿದ್ದ. ಐವತ್ತಕ್ಕೆ ಸ್ವಲ್ಪ ಮೊದಲೇ ನಿವೃತ್ತಿ ತೆಗೆದುಕೊಂಡಾಗ ನಾನೇ ಹಟ ಹಿಡಿದು ಅವನನ್ನು ಸಹಾಯಕನಾಗಿ ಕರೆಸಿಕೊಂಡೆ.

ಅವನು ನನಗಿಂತ ಒಳ್ಳೆಯ ಕೋಚ್. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ನಾನು ಹಲಗೆಯ ಮೇಲೆ ಗೆರೆ ಎಳೆದು ವಿವರಿಸುತ್ತಿದ್ದೆ. ಅವನು ಮಗುವಿನ ಎದುರು ಮಂಡಿಯೂರಿ, "ಬಾಲ್ ಮತ್ ದೇಖ್ ಬೇಟಾ, ಕಮರ್ ದೇಖ್. ಪಾಂವ್ ಝೂಟ್ ಬೋಲ್ತಾ ಹೈ, ಕಮರ್ ನಹೀಂ" ಅನ್ನುತ್ತಿದ್ದ. ಅಂದರೆ ಚೆಂಡನ್ನಲ್ಲ, ಸೊಂಟ ನೋಡು; ಎದುರಾಳಿಯ ಕಾಲು ಸುಳ್ಳು ಹೇಳಬಹುದು, ಸೊಂಟ ಹೇಳುವುದಿಲ್ಲ. ಮಕ್ಕಳು ಒಂದೇ ವಾರದಲ್ಲಿ ಕಲಿತುಬಿಡುತ್ತಿದ್ದರು.

ಮೂರನೇ ವರ್ಷ ಒಂದು ಬೆಳಿಗ್ಗೆ ಅವನ ಫೋನ್ ಬಂತು. ಅಕಾಡೆಮಿಗೆ ಬರಲು ಬೈಕುಲ್ಲಾದಲ್ಲಿ ಲೋಕಲ್ ರೈಲು ಹತ್ತಿ ಕಾಂಜೂರ್‌ಮಾರ್ಗದಲ್ಲಿ ಇಳಿಯಬೇಕಾದವನು ಅದನ್ನು ದಾಟಿ ಥಾಣೆ ಊರಿನ ಸ್ಟೇಷನ್ನಿನಲ್ಲಿ ನಿಂತಿದ್ದ.

"ದೋಸ್ತ, ನಾ ಎಲ್ಲಿಗೆ ಹೊಂಟಿದ್ದೆ?"

ತಮಾಷೆ ಅಂದುಕೊಂಡು, "ಊರಿಗೆ ಹೊಂಟಿದ್ದೆಲೇ, ಬಿಜಾಪುರ ಗಾಡಿ ಹತ್ತು" ಎಂದು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ. "ಯಾವ ಪ್ಲಾಟ್‌ಫಾರ್ಮು?" ಅಂದ. ಅವನ ದನಿಯಲ್ಲಿ ಹೆದರಿಕೆಯಿತ್ತು. ಅಲ್ಲೇ ನಿಲ್ಲು ಎಂದು ಹೇಳಿ, ರಿಕ್ಷಾ ಹಿಡಿದು ಥಾಣೆಗೆ ಓಡಿದೆ. ಟಿಕೆಟ್ ಕಿಟಕಿಯ ಹತ್ತಿರ, ಕೊರಳಲ್ಲಿ ಸೀಟಿ ಹಾಕಿಕೊಂಡು ನಿಂತಿದ್ದ.

ಆಸ್ಪತ್ರೆಗೆ ಅವನ ಹೆಂಡತಿ, ಅಂದರೆ ನಾನು ಭಾಭಿ ಅನ್ನುವವರ ಜೊತೆ, ನಾನೂ ಹೋಗಿದ್ದೆ. ಡಾಕ್ಟರ್ ಒಬ್ಬ ಹೆಂಗಸು, ನಿಧಾನವಾಗಿ ಮಾತಾಡುವವರು. ಸ್ಕ್ಯಾನ್ ನೋಡಿ, ಈ ವಯಸ್ಸಿಗೆ ಇಷ್ಟು ಮರೆವು ಬರಬಾರದು ಅಂದರು. ಆಡುವಾಗ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದ್ದುಂಟೇ ಎಂದು ಕೇಳಿದರು. ಭಾಭಿ ನನ್ನ ಕಡೆ ತಿರುಗಿದರು. ಗೊತ್ತಿರಬೇಕಾದವನು ನಾನೇ ತಾನೇ.

"ಆಟದಲ್ಲಿ ಅದೆಲ್ಲ ಇದ್ದದ್ದೇ ಮೇಡಮ್" ಅಂದೆ.

ವರ್ಷಗಟ್ಟಲೆ ಚೆಂಡನ್ನು ತಲೆಯಿಂದ ಹೊಡೆದದ್ದರಿಂದ ಇರಬಹುದು, ಇಲ್ಲದೆಯೂ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರ್. ಆ "ಇಲ್ಲದೆಯೂ ಇರಬಹುದು" ಎಂಬ ಮಾತನ್ನು ನಾನು ಬಹಳ ದಿನ ಹಿಡಿದುಕೊಂಡು ಓಡಾಡಿದೆ.

ಅಕಾಡೆಮಿಗೆ ಅವನು ಬರುವುದನ್ನು ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ. ಮೈದಾನದಲ್ಲಿದ್ದಾಗ ಅವನು ಹಳೆಯ ಅವನೇ ಆಗಿರುತ್ತಿದ್ದ. ಒಂದು ಸಂಜೆ ನಾನು ಆ ತುದಿಯಲ್ಲಿ ದೊಡ್ಡ ಮಕ್ಕಳನ್ನು ಆಡಿಸುತ್ತಿದ್ದೆ. ಈ ತುದಿಯಲ್ಲಿ ಅವನು ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಚೆಂಡು ಎಸೆದು ತಲೆಯಿಂದ ಹೊಡೆಸುತ್ತಿದ್ದ. ಐದು ಸಲ ಎಂದು ನಾನೇ ಹೇಳಿ ಹೋಗಿದ್ದೆ. ಎಷ್ಟಾಯಿತೆಂಬುದು ಅವನಿಗೆ ಮರೆತುಹೋಗಿತ್ತು. ಎಸೆಯುತ್ತಲೇ ಇದ್ದ. ಐದಾಯಿತೆಂದು ಹುಡುಗಿ "ಸರ್, ಹೋ ಗಯಾ" ಅಂದಿದ್ದಳಂತೆ. "ಏಕ್ ಔರ್, ಶಾಬಾಶ್" ಅನ್ನುತ್ತ ಮತ್ತೆ ಎಸೆದನಂತೆ. ನಾನು ತಿರುಗಿ ನೋಡಿದಾಗ ಅವಳು ಎರಡೂ ಕೈಯಿಂದ ಹಣೆ ಹಿಡಿದುಕೊಂಡು ಅಳುತ್ತಿದ್ದಳು. ಅವನು ಇನ್ನೊಂದು ಚೆಂಡು ಕೈಯಲ್ಲಿ ಹಿಡಿದು ನಗುತ್ತ ನಿಂತಿದ್ದ. ಕುಂಟುಗಾಲಲ್ಲಿ ಓಡಿಬಂದು ಆ ಚೆಂಡನ್ನು ಕಿತ್ತುಕೊಂಡೆ.

ಪುಣ್ಯಕ್ಕೆ ಹುಡುಗಿಗೆ ಏನೂ ಆಗಲಿಲ್ಲ. ಅಕಾಡೆಮಿಯ ಮ್ಯಾನೇಜರ್ ನನ್ನನ್ನು ಕರೆದು, "ಸರ್, ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದು ಕೇಳಿದ. ನಾನೇ ಹೇಳುತ್ತೇನೆ ಅಂದೆ.

ಗೆಳೆಯನನ್ನು ಪವಾಯಿ ಕೆರೆಯ ದಂಡೆಯ ಬೆಂಚಿಗೆ ಕರೆದುಕೊಂಡು ಹೋದೆ. "ದೋಸ್ತ, ನಾಳಿಯಿಂದ ನೀ ಬರೂದು ಬ್ಯಾಡ. ಮನ್ಯಾಗ ಆರಾಮ ಇರು" ಅಂದೆ.

"ಯಾಕೋ? ನಾ ಏನ್ ಮಾಡ್ದೆ?"

"ಏನೂ ಮಾಡಿಲ್ಲ ನೀ."

"ಮತ್ತ?"

ಅವನು ನೀರು ನೋಡುತ್ತ ಕೂತ. ಆಮೇಲೆ ಕೊರಳಿನ ಸೀಟಿ ತೆಗೆದು ನನ್ನ ಕೈಯಲ್ಲಿಟ್ಟ. ಎದ್ದು ನಡೆದ. ನಾನು ಹಿಂದೆಯೇ ಹೋಗಿ ಸ್ಟೇಷನ್ನಿನವರೆಗೂ ಬಿಟ್ಟುಬಂದೆ.

ಮರುದಿನ ಸಂಜೆ ಸರಿಯಾದ ಹೊತ್ತಿಗೆ ಅವನು ಗೇಟಿನಲ್ಲಿದ್ದ. ನಾನು ಹೇಳಿದ್ದು ಅವನಿಗೆ ನೆನಪಿರಲಿಲ್ಲ. ವಾಚ್‌ಮನ್ ಒಳಗೆ ಬಿಡಲಿಲ್ಲ. ನಾನು ಹೋಗಿ ಮತ್ತೆ ಮೊದಲಿನಿಂದ ಹೇಳಿದೆ. ಮತ್ತೆ ಅದೇ "ನಾ ಏನ್ ಮಾಡ್ದೆ?" ಅದರ ಮರುದಿನವೂ ಬಂದ. ಹೀಗೆ ಮೂರು ದಿನ ಅವನನ್ನು ನಾನು ಕೆಲಸದಿಂದ ತೆಗೆದೆ. ಅವನಿಗೆ ಪ್ರತಿ ಸಲವೂ ಅದು ಮೊದಲನೆಯ ಸಲ. ನಾಲ್ಕನೇ ದಿನ ಭಾಭಿ ಮನೆಯ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿದರು.

ಆಮೇಲೆ ನಾನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಚೆಂಡನ್ನು ತಲೆಯಿಂದ ಹೊಡೆಯುವುದನ್ನು ಕಲಿಸುವುದು ಬಿಟ್ಟೆ. ಮ್ಯಾನೇಜರ್ ಜಗಳ ತೆಗೆಯುತ್ತಾನೆ ಅಂದುಕೊಂಡಿದ್ದೆ. ಅವನು ತಲೆಯಾಡಿಸಿ ಒಪ್ಪಿಬಿಟ್ಟ. ಇಷ್ಟು ಸುಲಭವಿತ್ತು ಅದು.

ಪ್ರತಿ ಬುಧವಾರ ಬೈಕುಲ್ಲಾದ ಗೆಳೆಯನ ಮನೆಗೆ ಹೋಗುತ್ತಿದ್ದೆ. ಮೊದಮೊದಲು ಇಬ್ಬರೂ ಮಾರ್ಕೆಟ್ಟಿನವರೆಗೆ ನಡೆದು ಚಹಾ ಕುಡಿದು ಬರುತ್ತಿದ್ದೆವು. ಆಮೇಲೆ ಅವನು ತನ್ನ ಮನೆಯಿದ್ದ ಚಾಳ್ ಎಂಬ ಹಳೆಯ ಸಾಲುಕೋಣೆ ಕಟ್ಟಡದ ಮೆಟ್ಟಿಲು ಇಳಿಯಲಾರದವನಾದ. ಹಿಂದಿ ಹೋಯಿತು, ಮರಾಠಿ ಹೋಯಿತು. ದಖನಿ ಮತ್ತು ಕನ್ನಡದ ಕೆಲವು ಮಾತು ಉಳಿದಿದ್ದವು. ಒಂದು ಬುಧವಾರ ಅವನು ನನ್ನನ್ನು ನೋಡಿ, ಇವನು ಯಾರು ಎಂದು ದಖನಿಯಲ್ಲಿ ಭಾಭಿಯನ್ನು ಕೇಳಿದ: "ಯೇ ಕೌನ್?" ಅವರು ನನ್ನ ಮುಖ ನೋಡಲಾರದೆ ಒಳಗೆ ಹೋದರು.

ಆ ದಿನ ಅವನು ಮಲಗಿದ ಮೇಲೆ, ಅಡುಗೆ ಕಟ್ಟೆಯ ಹತ್ತಿರ ನಿಂತು ಭಾಭಿಗೆ ಎಲ್ಲವನ್ನೂ ಹೇಳಿದೆ. ಅವನು ಕೂಗಿದ್ದು ಕೇಳಿಸಿಯೂ ನಾನು ಹಾರಿದ್ದು, ಠೀಕ್ ಹೈ ಎಂದು ಹೇಳಿದ್ದು, ಡಾಕ್ಟರ್ ಮುಂದೆ ಮುಚ್ಚಿಟ್ಟದ್ದು. ಅವರು ಕೊತ್ತಂಬರಿ ಸೋಸುತ್ತಿದ್ದರು. ಕೈ ನಿಲ್ಲಲಿಲ್ಲ. ಸೋಸಿದ್ದನ್ನು ತಟ್ಟೆಗೆ ಹಾಕುತ್ತ ಅಂದರು:

"ನೀವು ಹೇಳಿದ್ರೂ ಅವರು ಹೊರಗ ಬರ್ತಿರಲಿಲ್ಲ ಭಾಯ್. ನನಗ ಗೊತ್ತದ ಅವರ ಹಟ."

ನಾನು ಉಸಿರು ಬಿಟ್ಟೆ. ಅವರು ತಲೆಯೆತ್ತಿ ನೋಡಿದರು.

"ಆದರ ನೀವು ಹೇಳಬೇಕಿತ್ತು."

ಮತ್ತೆಂದೂ ಆ ವಿಷಯ ಅವರು ಎತ್ತಲಿಲ್ಲ. ಮುಂದಿನ ಬುಧವಾರ ಎಂದಿನಂತೆ ನನಗೂ ಒಂದು ತಟ್ಟೆ ಇಟ್ಟರು.

ಅವನು ತೀರಿಕೊಂಡದ್ದು ಈ ವರ್ಷ ರಮ್‌ಜಾನಿಗೆ ಹದಿನೈದು ದಿನ ಮುಂಚೆ, ಎದೆಯಲ್ಲಿ ಕಫ ಕಟ್ಟಿ. ಹಳೆಯ ಟೀಮಿನವರು ನಾಲ್ಕೇ ಜನ ಬಂದಿದ್ದರು. ಶವಯಾತ್ರೆಯಲ್ಲಿ ನಾನೂ ಹೆಗಲು ಕೊಟ್ಟೆ. ಕಬರಸ್ತಾನದಲ್ಲಿ ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನೀವು ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದರು. ಜೊತೆಗೆ ಆಡುತ್ತಿದ್ದೆವು ಎಂದೆ. ಅವರಿಗೆ ಅದು ಸಾಕಾಯಿತು.

ಭಾಭಿ ಈಗ ವಿಜಯಪುರದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದಾರೆ. ಚಾಳಿನ ಕೋಣೆ ಬೇರೆಯವರಿಗೆ ಕೊಟ್ಟಾಗಿದೆ. ಕಳೆದ ಬುಧವಾರ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಟ್ಟಲು ನಾನೂ ಕೈಜೋಡಿಸಿದೆ. ಗೋಡೆಯ ಮೇಲಿದ್ದ ಟೀಮಿನ ಫೋಟೋ ಇಳಿಸಿ, ಇದನ್ನು ಏನು ಮಾಡಲಿ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಅದನ್ನು ತಮ್ಮ ಬಟ್ಟೆಯ ಪೆಟ್ಟಿಗೆಯಲ್ಲೇ ಇಟ್ಟುಕೊಂಡರು. ಶನಿವಾರ ಅವರ ಗಾಡಿ. ಸಾಮಾನು ಹತ್ತಿಸಲು ನಾನು ಹೋಗುತ್ತೇನೆ. ಅದರ ಮುಂದಿನ ಬುಧವಾರ ಎಲ್ಲಿಗೆ ಹೋಗಬೇಕೋ ನನಗಿನ್ನೂ ತಿಳಿದಿಲ್ಲ.