ನಮ್ಮ ಆಟಗಾರನನ್ನು ಕೊಟ್ಟುಬಿಟ್ಟ ವರ್ಷ

ಫೆಬ್ರುವರಿಯ ಒಂದು ಬೆಳಗ್ಗೆ ಕಿತ್ತೂರು ಬಸ್ ನಿಲ್ದಾಣದಲ್ಲಿ ನಾನು ಡ್ರೈವರ್ ಸೀಟಿನಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ನನ್ನ ಕಂಡಕ್ಟರ್ ಕಿಟಕಿಯ ಕೆಳಗೆ ಬಂದು ನಿಂತು, ಮೊಬೈಲ್ ಎತ್ತಿ ಹಿಡಿದ. ನಾವಿಬ್ಬರೂ ವರ್ಷಗಟ್ಟಲೆ ಬೆಂಬಲಿಸುತ್ತ ಬಂದಿದ್ದ ಅಮೆರಿಕದ ಬಾಸ್ಕೆಟ್‌ಬಾಲ್ ತಂಡ ತನ್ನ ಅತ್ಯುತ್ತಮ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟುಬಿಟ್ಟಿತ್ತು. ಬದಲಿಗೆ ಮೂವತ್ತು ದಾಟಿದ, ಎರಡು ಸಲ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಬ್ಬ ದೈತ್ಯನನ್ನು ತಂದಿತ್ತು. ಅಷ್ಟು ಸಾಲದೆಂಬಂತೆ, ಮುಂದಿನ ವರ್ಷಗಳಲ್ಲಿ ಕಾಲೇಜಿನಿಂದ ಹೊರಬರುವ ಹೊಸ ಆಟಗಾರರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಳ್ಳುವ ತನ್ನ ಹಕ್ಕನ್ನೂ ಬರೆದುಕೊಟ್ಟಿತ್ತು.

ಆ ತಂಡದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಲು ಹೋದರೆ ಈಗಲೂ ಮೈ ಉರಿಯುತ್ತದೆ.

ಲೋಟದಲ್ಲಿದ್ದ ಚಹಾವನ್ನು ಹೊರಗೆ ಚೆಲ್ಲಿ ಗಾಡಿ ಚಾಲು ಮಾಡಿದೆ. ಬೈಲಹೊಂಗಲದವರೆಗೆ ಒಂದೊಂದು ಉಬ್ಬಿಗೂ ಹಿಂದಿನ ಸೀಟಿನವರು ಬೈಯುವುದು ಕೇಳಿಸುತ್ತಿತ್ತು. ನಾನು ಸರ್ಕಾರಿ ಬಸ್ ಓಡಿಸಲು ಹತ್ತಿ ಇಪ್ಪತ್ತು ವರ್ಷವಾಗಿತ್ತು. ಸಿಟ್ಟನ್ನು ಎಂದೂ ಗಾಡಿಯ ಮೇಲೆ ತೋರಿಸಿದವನಲ್ಲ. ಅವತ್ತು ತೋರಿಸಿದೆ, ಅದಕ್ಕೆ ನಾಚಿಕೆಯೂ ಇದೆ.

ಬೈಲಹೊಂಗಲದ ಡ್ರೈವರನಿಗೂ ಅಮೆರಿಕದ ಆಟಕ್ಕೂ ಎತ್ತಣ ಸಂಬಂಧ ಎಂದು ನನ್ನ ಹೆಂಡತಿಯೇ ನೂರು ಸಲ ಕೇಳಿದ್ದಾಳೆ. ಹೈಸ್ಕೂಲಿನಲ್ಲಿ ನಮಗೊಬ್ಬ ಡ್ರಿಲ್ ಮಾಸ್ತರರಿದ್ದರು. ಕಬ್ಬಿಣದ ಉಂಗುರವೊಂದನ್ನು ಕಮ್ಮಾರನಿಂದ ಬಡಿಸಿ, ಸಾಲೆಯ ಹಿಂದಿನ ಗೋಡೆಗೆ ಹೊಡೆಸಿದ್ದರು. ಅಳತೆ ತಪ್ಪಿ ಆ ಉಂಗುರ ಸಣ್ಣದಾಗಿತ್ತು. ನಮಗದು ಗೊತ್ತಿರಲಿಲ್ಲ. ಮೊದಲ ಸಲ ಧಾರವಾಡಕ್ಕೆ ಆಡಲು ಹೋದಾಗ ಅಲ್ಲಿಯ ಉಂಗುರ ನನ್ನ ಕಣ್ಣಿಗೆ ಬಾವಿಯಷ್ಟು ಅಗಲ ಕಂಡಿತು. ಎಸೆದದ್ದೆಲ್ಲ ಒಳಗೆ ಬಿತ್ತು. ಆ ಒಂದು ಮಧ್ಯಾಹ್ನದ ಸುಖಕ್ಕೆ ನಾನು ಜೀವನಪೂರ್ತಿ ಈ ಆಟದ ಬೆನ್ನು ಹತ್ತಿದೆ. ಟೀವಿಯಲ್ಲಿ ಅಮೆರಿಕದ ಆಟ ಬರತೊಡಗಿದಾಗ, ಯಾವಾಗಲೂ ಸೋಲುತ್ತಿದ್ದ ಒಂದು ತಂಡದ ಮೇಲೆ ಮನಸ್ಸು ಕೂತಿತು.

ಕಂಡಕ್ಟರ್ ನನಗಿಂತ ಹತ್ತು ವರ್ಷ ಚಿಕ್ಕವನು. ಸವದತ್ತಿಯವನು. ಅವನ ಮನೆತನದಲ್ಲಿ ತಲೆತಲಾಂತರದಿಂದ ಪೂಜೆ, ಪಂಚಾಂಗ. ಇವನು ಚೆಂಡನ್ನು ಒಮ್ಮೆಯೂ ನೆಲಕ್ಕೆ ಬಡಿದವನಲ್ಲ, ಎತ್ತರವೂ ಇಲ್ಲ. ಆದರೆ ನಾನೊಮ್ಮೆ ಆಟದ ಸುದ್ದಿ ತೆಗೆದದ್ದೇ ತಡ, ಆರು ತಿಂಗಳಲ್ಲಿ ನನ್ನನ್ನು ಮೀರಿಸಿಬಿಟ್ಟ. ಯಾವ ಆಟಗಾರನ ಒಪ್ಪಂದ ಯಾವಾಗ ಮುಗಿಯುತ್ತದೆ, ಯಾವ ತಂಡ ಸಂಬಳದ ಮಿತಿ ದಾಟಿದೆ, ಯಾರನ್ನು ಯಾವ ದಿನದೊಳಗೆ ಅದಲು ಬದಲು ಮಾಡಬಹುದು ಎಂಬುದನ್ನೆಲ್ಲ ತಿಥಿ ನಕ್ಷತ್ರ ಹೇಳಿದಂತೆ ಹೇಳುತ್ತಿದ್ದ. ನಾನು ಆಟಗಾರನ ಕಾಲಿನ ಚಲನೆ ನೋಡುವವನು, ಅವನು ನಿಯಮ ಓದುವವನು. ನಮ್ಮ ಬೈಲಹೊಂಗಲ ಡಿಪೋದವರು ಹನ್ನೊಂದು ವರ್ಷ ನಮ್ಮ ಜೋಡಿಯನ್ನು ಒಡೆದಿರಲಿಲ್ಲ.

ಅಮೆರಿಕದ ಸಂಜೆಯ ಆಟ ನಮಗೆ ಬೆಳಗಿನ ಹೊತ್ತಿಗೆ ಬರುತ್ತದೆ. ಕಿತ್ತೂರಿನಿಂದ ಹೊರಟು, ಬೈಲಹೊಂಗಲ, ಸವದತ್ತಿ, ಕಟಕೋಳ ದಾಟಿ ನಾವು ರಾಮದುರ್ಗ ಮುಟ್ಟುವಷ್ಟರಲ್ಲಿ ಒಂದು ಆಟ ಮುಗಿದಿರುತ್ತಿತ್ತು. ಅವನು ಟಿಕೆಟ್ ಹರಿಯುವ ನಡುವೆ ಮೊಬೈಲಿನಲ್ಲಿ ಅಂಕ ನೋಡಿ, ಗಾಡಿ ನಿಂತಲ್ಲೆಲ್ಲ ಮುಂದೆ ಬಂದು ನನ್ನ ಕಿವಿಗೆ ಹಾಕುತ್ತಿದ್ದ. ಆ ಸುಖವನ್ನು ನಾನೇ ಕೈಯಾರೆ ಕೆಡಿಸಿಕೊಂಡೆ.

ಅವತ್ತು ಬೈಲಹೊಂಗಲದಲ್ಲಿ ಗಾಡಿ ನಿಂತ ಕೂಡಲೇ ನಾನು ಇಳಿದು ಅವನೆದುರು ನಿಂತೆ. ನಮ್ಮ ಆ ಆಟಗಾರ ಹತ್ತೊಂಬತ್ತಕ್ಕೇ ತಂಡ ಸೇರಿದವನು. ಎಡಗೈಯವನು, ಗಿಡ್ಡ. ಸೋಲುವ ವರ್ಷಗಳಲ್ಲೂ ಒಂದು ದಿನ ಮೈಗಳ್ಳತನ ಮಾಡಿದವನಲ್ಲ. ವಿಷಯ ತಿಳಿದಾಗ ಅವನು ತಂಡದ ಊರಿನ ಒಂದು ಸಾಲೆಯಲ್ಲಿ ಮಕ್ಕಳಿಗೆ ಬೂಟು ಹಂಚುತ್ತಿದ್ದನಂತೆ. ತಂಡದವರು ಅವನಿಗೆ ಮೊದಲು ಒಂದು ಮಾತೂ ಹೇಳಿರಲಿಲ್ಲ.

"ಹೇಳದ ಕೇಳದ ಮನಷ್ಯಾನ್ನ ಹಿಂದಿಂದ ಕೈ ದಾಟಿಸೋರು ಮನಷ್ಯಾರ ಅಲ್ಲ," ಅಂದೆ. "ಅಂಥಾವರ ಮಾರಿ ಸೈತ ನೋಡಬಾರದು."

ಕಂಡಕ್ಟರ್ ಮುಖ ತಗ್ಗಿಸಿ ಟಿಕೆಟ್ ಯಂತ್ರದ ಗುಂಡಿ ಒತ್ತಿದ. ಆಮೇಲೆ, "ಸಿಟ್ಟಿಗೇಳಬ್ಯಾಡ್ರಿ. ವಿಚಾರ ಮಾಡಿದ್ರ ಅವರದು ತಪ್ಪೇನಲ್ಲ ಅನಸ್ತದ," ಎಂದ. "ಕಪ್ ಬೇಕಂದ್ರ ಉಂಗುರದ ಮುಂದ ಗೋಡಿಯಂಥಾವ ಒಬ್ಬ ಬೇಕಾಗ್ತಾನ. ಎಲ್ಲಾರೂ ಒಂದ ಕಡೆ ಕಡೀತನಕಾ ಇರ್ಲಿಕ್ಕೆ ಆಗ್ತದೇನ್ರಿ?"

ನನಗೆ ತಂಡದ ಮೇಲಿನ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. ಗೋಡೆ ಓಡುವುದಿಲ್ಲ, ಈಗಿನ ಆಟ ಓಟದ ಆಟ ಎಂದೆ. ಹಿಂದೆ ಇನ್ನೊಂದು ತಂಡ ಮೂವರು ದೊಡ್ಡ ಹೆಸರಿನವರನ್ನು ಕೂಡಿಹಾಕಿ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿದ್ದನ್ನು ನೆನಪಿಸಿದೆ. ತಾಳ್ಮೆಯಿಂದ ತನ್ನ ಹುಡುಗರನ್ನೇ ಬೆಳೆಸಿದ ಬಡ ತಂಡವೊಂದು ಕಪ್ ಎತ್ತಿದ್ದನ್ನೂ ಹೇಳಿದೆ. ಅವನು ಅದಕ್ಕೂ ಉತ್ತರ ಕೊಡಲು ಬಂದ. "ಚೆಂಡ ಮುಟ್ಟದಾವ ನನಗ ಆಟ ಕಲಸಾಕ ಬರಬ್ಯಾಡ," ಎಂದುಬಿಟ್ಟೆ. ಅವನ ಮುಖ ಸಣ್ಣದಾಯಿತು. ಅವತ್ತಿನಿಂದ ನಮ್ಮ ಮಾತು ನಿಂತಿತು.

ಎರಡು ತಿಂಗಳು ಒಂದೇ ಗಾಡಿಯಲ್ಲಿ ಮೂಕರಂತೆ ದುಡಿದೆವು. ಅವನು ಬೆಲ್ ಬಾರಿಸಿದರೆ ನಾನು ನಿಲ್ಲಿಸುತ್ತಿದ್ದೆ, ಬಾರಿಸಿದರೆ ಹೊರಡುತ್ತಿದ್ದೆ, ಅಷ್ಟೇ. ಅಂಕ ಹೇಳಲು ಅವನು ಮುಂದೆ ಬರಲಿಲ್ಲ, ನಾನೂ ಕೇಳಲಿಲ್ಲ. ರಾಮದುರ್ಗದಲ್ಲಿ ಊಟಕ್ಕೆ ಕೂತಾಗ ನನ್ನ ಮೊಬೈಲಿನಲ್ಲಿ ನಾನೇ ನೋಡಿಕೊಳ್ಳುತ್ತಿದ್ದೆ. ಚಚಡಿಯಿಂದ ಸವದತ್ತಿ ಸಂತೆಗೆ ಬದನೆಕಾಯಿ ತರುವ ಒಬ್ಬ ಮುದುಕಿ ಯಾವಾಗಲೂ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂಡುವವಳು. ನಿಮ್ಮಿಬ್ಬರ ನಡುವೆ ಹೊಲದ ಜಗಳ ಬಂದೈತೇನು ಎಂದು ಒಂದು ದಿನ ಕೇಳಿದಳು. ಆಟದ ಜಗಳ ಎಂದೆ. ಯಾರು ಆಡಿದ್ದು ಎಂದಳು. ನಾವಿಬ್ಬರೂ ಆಡಿಲ್ಲ, ಬೇರೆ ದೇಶದವರು ಆಡಿದ್ದು ಎಂದೆ. ಆಕೆ ಬುಟ್ಟಿಯನ್ನು ಕಾಲ ಹತ್ತಿರ ಎಳೆದುಕೊಂಡಳು.

ಇತ್ತ ತಂಡ ನಾನು ಹೇಳಿದಂತೆಯೇ ಹಾಳಾಗುತ್ತ ಹೋಯಿತು. ಗೋಡೆಯಂಥವನು ಕೆಲವೇ ಪಂದ್ಯ ಆಡಿ, ಅದೇ ಮೊಣಕಾಲು ಹಿಡಿದು ಕುಳಿತ. ಚೆಂಡನ್ನು ಮುಂದಕ್ಕೆ ತರುವವರು ಯಾರೂ ಇಲ್ಲದೆ, ನಾಲ್ವರು ನಿಂತು ಒಬ್ಬನ ಮುಖ ನೋಡುವುದೇ ಆಟವಾಯಿತು. ತರಬೇತುದಾರ ಸೋತ ಮೇಲೂ ನಗುನಗುತ್ತ ನಮ್ಮ ಹೊಂದಾಣಿಕೆ ಬೆಳೆಯುತ್ತಿದೆ ಎನ್ನುತ್ತಿದ್ದ. ಅವನ ಆ ನಗುವನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಚಳಿಗಾಲದಲ್ಲಿ ಮೇಲಿನ ನಾಲ್ಕರಲ್ಲಿದ್ದ ತಂಡ ಏಪ್ರಿಲ್ ಹೊತ್ತಿಗೆ ಕಪ್‌ಗಾಗಿ ಆಡುವ ಪ್ಲೇಆಫ್ ಸುತ್ತಿಗೆ ಹೋಗಲು ಒಂದು ಕೊನೆಯ ಅರ್ಹತಾ ಪಂದ್ಯ ಆಡಬೇಕಾದ ಸ್ಥಿತಿಗೆ ಬಂತು. ಎದುರಾಳಿ ಯಾರು? ನಮ್ಮ ಎಡಗೈಯವನನ್ನು ಪಡೆದ ತಂಡವೇ.

ಆ ಬೆಳಗ್ಗೆ ಗಾಡಿ ತುಂಬ ಜನ. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರೆಲ್ಲ ಇಳಿದ ಮೇಲೂ ನಿಲ್ಲಲು ಜಾಗವಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಂಡಕ್ಟರ್ ಕಂಬಕ್ಕೆ ಒರಗಿ ಮೊಬೈಲ್ ನೋಡುತ್ತಿದ್ದ. ಅವನ ಮುಖದಿಂದ ಅಂಕ ತಿಳಿಯಬಹುದೇ ಎಂದು ಮತ್ತೆ ಮತ್ತೆ ಕನ್ನಡಿ ನೋಡಿದೆ. ಕಟಕೋಳ ದಾಟಿ ಸ್ವಲ್ಪ ದೂರ ಹೋಗಿರಬೇಕು, ಯಾರೂ ಇಳಿಯುವ ಜಾಗವಲ್ಲ, ಎರಡೂ ಕಡೆ ಹೊಲ. ಬೆಲ್ ಹೊಡೆಯಿತು. ನಿಲ್ಲಿಸಿದೆ. ಯಾರೂ ಇಳಿಯಲಿಲ್ಲ. ಅವನು ಜನರನ್ನು ಸರಿಸುತ್ತ ನನ್ನ ಹತ್ತಿರ ಬಂದ.

"ಸೋತೇವ್ರಿ," ಎಂದ. "ಕಡೀ ಚೆಂಡ ಅಂವನ ಉಂಗುರಕ್ಕ ಹಾಕಿದ. ಎಡಗೈಲೆ."

ಎರಡು ತಿಂಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಅವನ ಕಣ್ಣುಗಳು ಕೆಂಪಾಗಿದ್ದವು. ನಾನು ಅದನ್ನು ನೋಡಿಯೂ ನೋಡದವನಂತೆ, ಇಡೀ ಗಾಡಿಗೆ ಕೇಳುವಂತೆ, "ನಿನ್ನ ಗೋಡಿ ಎಲ್ಲಿ ಕುಂತಿತ್ತು? ಕೋಟ್ ಹಾಕ್ಕೊಂಡ ಬೆಂಚಿನ ಮ್ಯಾಲೆ ಕುಂತಿತ್ತಲ್ಲ?" ಎಂದೆ. ಹೊಲದ ನಡುವೆ ಗಾಡಿ ಯಾಕೆ ನಿಂತಿತೆಂದು ಜನ ಗೊಣಗತೊಡಗಿದರು. ಅವನು ತಿರುಗಿ ಹಿಂದಕ್ಕೆ ಹೋದ. ಸೋತದ್ದಕ್ಕೆ ನನಗೆ ದುಃಖವಾಗಬೇಕಿತ್ತು. ನನ್ನ ಮಾತು ನಿಜವಾಯಿತೆಂಬ ಒಂದು ಕೆಟ್ಟ ಖುಷಿ ರಾಮದುರ್ಗದವರೆಗೂ ನನ್ನ ಎದೆಯಲ್ಲಿ ಕುಣಿಯುತ್ತಿತ್ತು.

ಮೂರು ದಿನದ ಮೇಲೆ ಡಿಪೋದ ನೋಟಿಸ್ ಬೋರ್ಡಿನಲ್ಲಿ ಒಂದು ಆದೇಶ ಕಂಡಿತು. ನನ್ನ ಕಂಡಕ್ಟರ್ ಸವದತ್ತಿ ಡಿಪೋಗೆ, ಅಲ್ಲಿಯ ಒಬ್ಬ ನಮ್ಮ ಡಿಪೋಗೆ. ಪರಸ್ಪರ ಒಪ್ಪಿಗೆಯ ವರ್ಗಾವಣೆ. ಇಬ್ಬರೂ ಜನವರಿಯಲ್ಲೇ ಅರ್ಜಿ ಕೊಟ್ಟಿದ್ದರು.

ಅವನು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ. ನಾನು ಹೋಗಿ ನಲ್ಲಿ ಬಂದ್ ಮಾಡಿದೆ. ಹನ್ನೊಂದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನಿಗೆ ಒಂದು ಮಾತು ಹೇಳಬೇಕೆನಿಸಲಿಲ್ಲವೇ ಎಂದು ಕೇಳಿದೆ. ಅವನು ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡ.

"ಮಗಳಿಗೆ ಐದು ತುಂಬ್ತು," ಎಂದ. "ಆಕಿ ಏಳೋದರಾಗ ನಾ ಬೈಲಹೊಂಗಲಕ್ಕ ಹೊಂಟಿರ್ತೀನಿ, ತಿರುಗಿ ಬರೋದರಾಗ ಆಕಿ ಮಲಗಿರ್ತಾಳ. ಅವರವ್ವಗ ಸವದತ್ತಿ ಸಾಲ್ಯಾಗ ಕೆಲಸ ಸಿಕ್ಕದ. ಬ್ಯಾರೆ ದಾರಿ ಇರಲಿಲ್ಲ."

"ಅದನ್ನ ನನಗ ಹೇಳಾಕ ಏನ ಆಗಿತ್ತು?"

"ಅವತ್ತ ಬೈಲಹೊಂಗಲದಾಗ ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ನೀವ ಅಂದ್ರಿ, ಹೇಳದ ಕೇಳದ ಮಾಡೋರ ಮಾರಿ ನೋಡಬಾರದಂತ. ಅರ್ಜಿ ಕೊಟ್ಟು ಆಗಲೇ ತಿಂಗಳಾಗಿತ್ರಿ. ಯಾವ ಬಾಯಿಲೆ ಹೇಳ್ಲಿ?"

ಅವನು ತಂಡದ ಆ ಅದಲು ಬದಲನ್ನು ಅಷ್ಟೊಂದು ಸಮರ್ಥಿಸಿದ್ದೇಕೆಂದು ಆಗ ನನಗೆ ಹೊಳೆಯಿತು. ಹೊಳೆದ ಮೇಲಾದರೂ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಇನ್ನಷ್ಟು ಸಿಟ್ಟು ಬಂತು, ಅದರಲ್ಲಿ ಮುಕ್ಕಾಲು ನನ್ನ ಮೇಲೆಯೇ. ಮಗಳ ಮುಖ ನೋಡಬೇಕೆನ್ನುವ ತಂದೆಯನ್ನು ನಾನು ಎರಡು ತಿಂಗಳು ತಪ್ಪಿತಸ್ಥನಂತೆ ಹಿಂದಿನ ಬಾಗಿಲಲ್ಲಿ ನಿಲ್ಲಿಸಿದ್ದೆ. ನಲ್ಲಿ ತಿರುವಿ ನೀರು ಬಿಟ್ಟು ಬಂದುಬಿಟ್ಟೆ. ಅವನನ್ನು ಬೀಳ್ಕೊಡುವ ದಿನ ಡಿಪೋದವರೆಲ್ಲ ಹಾರ ಹಾಕಿ ಉಪ್ಪಿಟ್ಟು ತಿಂದರು. ನಾನು ರಜೆ ಹಾಕಿ ಮನೆಯಲ್ಲಿ ಕುಳಿತೆ.

ಬೇಸಿಗೆ, ಮಳೆಗಾಲ ಹಾಗೆಯೇ ಕಳೆದವು. ಹೊಸ ಕಂಡಕ್ಟರ್ ಒಳ್ಳೆಯವನು, ಆದರೆ ಕ್ರಿಕೆಟ್ ಬಿಟ್ಟರೆ ಬೇರೆ ಆಟವಿದೆಯೆಂದೇ ಅವನಿಗೆ ತಿಳಿಯದು. ಅಕ್ಟೋಬರಿನಲ್ಲಿ ಅಮೆರಿಕದ ಹೊಸ ಋತು ಶುರುವಾದ ವಾರ ಸವದತ್ತಿ ನಿಲ್ದಾಣದಲ್ಲಿ ನನ್ನ ಗಾಡಿ ಹತ್ತು ನಿಮಿಷ ನಿಂತಿತ್ತು. ನಾನೇ ಇಳಿದು ಅವನನ್ನು ಹುಡುಕಿಕೊಂಡು ಹೋದೆ. ಕಂಟ್ರೋಲರ್ ಕೋಣೆಯ ಪಕ್ಕ ಕುಳಿತಿದ್ದವನು ನನ್ನನ್ನು ಕಂಡು ಎದ್ದು ನಿಂತ. ಮಗಳು ಹೇಗಿದ್ದಾಳೆಂದು ಕೇಳಿದೆ. ದಿನಾ ಬೆಳಗ್ಗೆ ತಾನೇ ಅವಳಿಗೆ ಜಡೆ ಹಾಕುತ್ತೇನೆ, ಒಂದು ಮೇಲೆ ಒಂದು ಕೆಳಗೆ ಆಗುತ್ತದೆ ಎಂದ. "ಅವತ್ತ ನಾ ಅಂದದ್ದು ತಪ್ಪಾತು," ಎಂದೆ. ಅವನು, "ಇರ್ಲಿ ಬಿಡ್ರಿ," ಎಂದು ಬೆಂಚಿನ ಮೇಲೆ ಜಾಗ ಮಾಡಿದ.

ಆಮೇಲೆ ನಾನು ತಂಡ ಬದಲಿಸಿದ್ದನ್ನು ಹೇಳಿದೆ. ಈಗ ನಾನು ಎಡಗೈಯವನ ಹೊಸ ತಂಡದವನು. ಅದನ್ನು ಕೇಳಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮೇಲೆ ರೇಗಿದ.

"ಇದ್ಯಾವ ಅಭಿಮಾನ್ರಿ? ಒಂದ ವರ್ಷ ಸೋತ್ರ ಮನಿ ಬಿಟ್ಟು ಹೋಗೂದಾ?"

ಅಭಿಮಾನ ಆಡುವವನ ಮೇಲೆ ಇರಬೇಕು, ಅಂಗಿಯ ಬಣ್ಣದ ಮೇಲಲ್ಲ ಎಂದು ನಾನು ವಾದಿಸಿದೆ. ಅವನು ಒಪ್ಪಲಿಲ್ಲ. ಆಟಗಾರರು ಬರುತ್ತಾರೆ ಹೋಗುತ್ತಾರೆ, ತಂಡದ ಜೊತೆ ನಿಲ್ಲುವವರು ನಮ್ಮಂಥವರೇ, ನಾವೂ ಎದ್ದು ಹೋದರೆ ಉಳಿಯುವುದೇನು ಎಂದು ಕೇಳಿದ. ಈ ಸಲ ಗೋಡೆಯ ಮೊಣಕಾಲು ಸುಧಾರಿಸಿದರೆ ನಮ್ಮ ತಂಡ ಮೇಲಿನ ನಾಲ್ಕರಲ್ಲಿ ಇದ್ದೇ ಇರುತ್ತದೆ ಎಂದು ನಂಬಿದ್ದ. ಇಬ್ಬರೂ ದನಿ ಏರಿಸಿದೆವು. ನನ್ನ ಗಾಡಿಯ ಹೊತ್ತು ಮೀರಿ, ಕಂಟ್ರೋಲರ್ ಮೈಕಿನಲ್ಲಿ ನನ್ನನ್ನು ಎರಡು ಸಲ ಕರೆದರು. ಈಗ ಪ್ರತಿ ಮಂಗಳವಾರ ಇಬ್ಬರ ಗಾಡಿಯೂ ಸವದತ್ತಿಯಲ್ಲಿ ಕೂಡುವ ಆ ಹತ್ತು ನಿಮಿಷ ನಾವು ಜಗಳಾಡುತ್ತೇವೆ.

ಮೊನ್ನೆ ಅವನಿಂದ ಒಂದು ಸಂದೇಶ ಬಂತು. ಎಡಗೈಯವನನ್ನು ಕೊಟ್ಟುಬಿಟ್ಟ ಹಳೆಯ ತಂಡದ ವ್ಯವಸ್ಥಾಪಕನಿಗೆ ಅಲ್ಲಿಯ ಮಾಲೀಕರು ಇನ್ನೂ ಹಲವು ವರ್ಷ ಅದೇ ಹುದ್ದೆಯಲ್ಲಿ ಮುಂದುವರಿಯಲು ಒಪ್ಪಂದ ಮಾಡಿಕೊಟ್ಟಿದ್ದಾರಂತೆ. ನನ್ನ ಹಳೆಯ ಕಂಡಕ್ಟರಿಗೂ ಇದು ಸರಿ ಕಂಡಿಲ್ಲ. ನಾನಂತೂ ಬಿಟ್ಟ ತಂಡ, ನನಗೇನಾಗಬೇಕು ಎಂದುಕೊಂಡೆ. ಮಾರನೆಯ ದಿನವೂ ತಲೆಯಿಂದ ಅದು ಇಳಿಯಲಿಲ್ಲ. ಮಂಗಳವಾರ ಸವದತ್ತಿಯಲ್ಲಿ ಅವನು ಸಿಗುತ್ತಾನೆ. ಈ ಒಂದು ವಿಷಯದಲ್ಲಿ ಇಬ್ಬರೂ ಕೂಡಿ ಬೈಯಬಹುದು.