ವರ್ಲಾ ಸೂರಿನಲ್ಲಿಟ್ಟ ಪಾತ್ರೆಗಳು

ನಮ್ಮಕ್ಕ ವರ್ಲಾ ಸೋತದ್ದು ತಾನೇ ಉಜ್ಜಿ ಹೊಳೆಯಿಸಿದ ನೆಲದಿಂದ. ಈ ಮಾತನ್ನು ಅವಳ ಮುಖಕ್ಕೇ ಹೇಳಿದವನು ನಾನು. ಅದಕ್ಕೂ ಮೊದಲು ಅವಳ ವಿರುದ್ಧ ಮತ ಹಾಕಿ ಬಂದವನೂ ನಾನೇ. ಇಂಥವನು ಅವಳ ಕತೆ ಹೇಳಲು ಹೊರಟಿದ್ದಾನಲ್ಲ ಎಂದು ಊರವರು ಮೂಗು ಮುರಿದರೆ ಮುರಿಯಲಿ. ಉಳಿದವರಿಗಿಂತ ನನಗೆ ಹೆಚ್ಚು ಗೊತ್ತಿದೆ, ಅಷ್ಟು ಸಾಕು.

ಅಯೋವಾದ ನಮ್ಮ ಟೇಬರ್ ಕ್ರೀಕ್ ಶಾಲೆಯ ಕಟ್ಟಡ ನೋಡಿಕೊಳ್ಳುವ ಕೆಲಸ ಅವಳದು. ಮೂವತ್ತೊಂದು ವರ್ಷ ಒಬ್ಬಳೇ ಗುಡಿಸಿದಳು, ಒರೆಸಿದಳು, ಬಾಯ್ಲರ್ ಉರಿಸಿದಳು, ಮೆಟ್ಟಿಲ ಮೇಲಿನ ಹಿಮ ಗೋರಿದಳು. ಬೆಳಗಿನ ಜಾವ ನಾಲ್ಕೂವರೆಗೆ ಹೋದರೆ ಮಕ್ಕಳೆಲ್ಲ ಮನೆಗೆ ಹೊರಟ ಮೇಲೆ ಬರುತ್ತಿದ್ದಳು. ಪ್ರತಿ ಆಗಸ್ಟಿನಲ್ಲಿ ಇಡೀ ಶಾಲೆಯ ನೆಲಕ್ಕೆ ಐದು ಸಲ ಮೇಣ ಹಚ್ಚುತ್ತಿದ್ದಳು. ಶಾಲೆ ತೆರೆಯುವ ದಿನ ಹೊಸ ಬೂಟು ಹಾಕಿಕೊಂಡು ಬಂದ ಮಕ್ಕಳು ಆ ನೆಲದ ಮೇಲೆ ಜಾರುವುದನ್ನು ನೋಡಿ ಗದರುತ್ತಿದ್ದಳು. ಗದರುವಾಗಲೂ ಅವಳ ಮುಖ ಅರಳಿರುತ್ತಿತ್ತು. ಗಂಡ ಬಿಟ್ಟುಹೋಗಿ ಇಪ್ಪತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳ ಸಂಸಾರವೆಲ್ಲ ಆ ಕಟ್ಟಡವೇ.

ಆ ಕಟ್ಟಡದ ಸೂರು ಕೆಟ್ಟುಹೋಗಿತ್ತು. ಮುಂದಿನ ಬೇಸಿಗೆಯೊಳಗೆ ಸರಿ ಮಾಡದಿದ್ದರೆ ಬಾಗಿಲಿಗೆ ಬೀಗ, ಮಕ್ಕಳೆಲ್ಲ ಬಸ್ಸು ಹತ್ತಿ ಇಪ್ಪತ್ತೇಳು ಮೈಲಿ ದೂರದ ಎಲ್ಡನ್‌ಬರ್ಗಿಗೆ ಹೋಗಬೇಕು ಎಂದು ಸರ್ಕಾರದ ಪರೀಕ್ಷಕ ಬರೆದು ಹೋಗಿದ್ದ. ಶಾಲಾ ಮಂಡಳಿ ಸಾಲ ಎತ್ತಲು ಊರಿನ ಮತ ಕೇಳಿತು. ನಲವತ್ತೆರಡು ಲಕ್ಷ ಡಾಲರ್, ಇಪ್ಪತ್ತು ವರ್ಷ ನಮ್ಮ ಮನೆ-ಹೊಲಗಳ ತೆರಿಗೆಯಿಂದ ತೀರಿಸಬೇಕು. ನಮ್ಮ ಕಾನೂನು ಎಂಥದು ನೋಡಿ: ಸಾಲಕ್ಕೆ ಅರ್ಧಕ್ಕಿಂತ ಹೆಚ್ಚು ಜನ ಹೂಂ ಅಂದರೆ ಸಾಲದು, ನೂರಕ್ಕೆ ಅರವತ್ತು ಜನ ಅನ್ನಬೇಕು. ನಲವತ್ತೊಂದು ಜನ ಕಾಲು ಚಾಚಿ ಕುಳಿತರೆ ಐವತ್ತೊಂಬತ್ತು ಜನ ಎದ್ದು ನಿಂತರೂ ಪ್ರಯೋಜನವಿಲ್ಲ.

ಮತಕ್ಕೆ ಎರಡು ವಾರ ಮೊದಲು, ಆಗಸ್ಟಿನ ಕೊನೆಗೆ, ಮಂಡಳಿ ಊರವರನ್ನು ಕರೆಯಿತು. ಬನ್ನಿ, ಕಟ್ಟಡದ ಸ್ಥಿತಿ ಕಣ್ಣಾರೆ ನೋಡಿ ಎಂದಿತು. ವರ್ಲಾ ಏನು ಮಾಡಿದಳು? ಜನ ಬರುತ್ತಾರೆಂದು ಹಗಲಿರುಳು ದುಡಿದು ಶಾಲೆಯನ್ನು ಸಿಂಗರಿಸಿದಳು. ಸೂರಿನ ಕೆಳಗೆ ಜೋಡಿಸಿದ್ದ, ಕಲೆಯಾದ ಚಾವಣಿ ಹಲಗೆಗಳಿಗೆ ಬಿಳಿ ಬಣ್ಣ ಬಳಿದಳು, ನೆಲಕ್ಕೆ ಆರನೆಯ ಸಲ ಮೇಣ ಹಚ್ಚಿದಳು. ನಮ್ಮ ಕಡೆ ಹಾಗೆಯೇ. ಮನೆಗೆ ಬೆಂಕಿ ಬಿದ್ದು ಅಗ್ನಿಶಾಮಕದವರು ಬಂದರೂ ನಮ್ಮ ಹೆಂಗಸರು ಮೊದಲು ಸೋಫಾದ ಮೇಲಿನ ಬಟ್ಟೆ ಎತ್ತಿಡುತ್ತಾರೆ.

ಜನ ಬಂದರು, ನೋಡಿದರು, ತಲೆದೂಗಿದರು. ಮಾರನೆಯ ವಾರದ ಪತ್ರಿಕೆಯಲ್ಲಿ ಡ್ವೇನ್ ಪ್ರೀಸ್ ಬರೆದ. ಊರಿನ ಅರ್ಧ ಮೆಕ್ಕೆಜೋಳದ ಹೊಲ ಅವನದೇ, ಆದ್ದರಿಂದ ಅರ್ಧ ತೆರಿಗೆಯೂ ಅವನದೇ. 'ಹೋಗಿ ನೋಡಿ ಬನ್ನಿ, ನೆಲದಲ್ಲಿ ನಿಮ್ಮ ಮುಖ ಕಾಣುತ್ತೆ. ಇದಕ್ಕೆ ಸಾಲವೇ?' ಎಂದು ಕೇಳಿದ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾಫಿಯ ದುಡ್ಡು ಯಾರು ಕೊಡಬೇಕೆಂದು ದಾಳ ಉರುಳಿಸುವ ನಾವು ಆರು ಜನ ಮುದುಕರು ಅದನ್ನು ಓದಿ, ಹೌದಲ್ಲ ಅಂದುಕೊಂಡೆವು.

ಎಂಟುನೂರ ಎಪ್ಪತ್ತನಾಲ್ಕು ಮತ ಬಿದ್ದವು. ಬೇಕಿದ್ದದ್ದು ಐನೂರ ಇಪ್ಪತ್ತೈದು, ಬಂದದ್ದು ಐನೂರ ಹತ್ತೊಂಬತ್ತು. ಆರು ಮತ ಕಡಿಮೆ. ನಮ್ಮ ಕಾಫಿ ಮೇಜಿನಲ್ಲಿ ಎಷ್ಟು ಜನವಿದ್ದೆವೋ ಅಷ್ಟೇ.

ಮಾರನೆಯ ಸಂಜೆ ಅವಳ ಅಡುಗೆಮನೆಗೆ ಹೋದೆ. ಗಸಗಸೆ ಹೂರಣದ ಕೊಲಾಚಿ ಬನ್ನು ಮೇಜಿನ ಮೇಲಿತ್ತು, ಆದರೆ ತಿನ್ನು ಅನ್ನಲಿಲ್ಲ.

"ಎಮಿಲ್, ನೀನು ಬೇಡ ಅಂತ ಹಾಕಿದ್ಯಾ?"

ಸುಳ್ಳು ಹೇಳಬಹುದಿತ್ತು. ಆದರೆ ಚಿಕ್ಕಂದಿನಿಂದ ಅವಳ ಮುಂದೆ ನನ್ನ ಸುಳ್ಳು ಯಾವತ್ತೂ ನಡೆದಿಲ್ಲ.

"ಹೂಂ."

"ಯಾಕೆ?"

"ಎಲ್ಲಾ ಚೆನ್ನಾಗೇ ಇತ್ತಲ್ಲ ವರ್ಲಾ. ನೆಲ ಹೊಳೀತಿತ್ತು."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನೀನು ವರ್ಷಾ ವರ್ಷಾ ಐಸ್‌ಕ್ರೀಮ್ ಡಬ್ಬ ಕೂಡಿಟ್ಟು ನಂಗೆ ತಂದು ಕೊಡ್ತೀಯಲ್ಲ. ಅದನ್ನ ನಾನು ಏನು ಮಾಡ್ತೀನಿ ಅಂದ್ಕೊಂಡಿದೀಯ?"

"ಟೊಮ್ಯಾಟೊ ಸಸಿ ಹಾಕ್ತೀಯ ಅಂತ."

"ಮನೆಗೆ ಹೋಗು," ಅಂದಳು.

ಆ ಚಳಿಗಾಲವೆಲ್ಲ ಅವಳು ನನ್ನೊಂದಿಗೆ ಹವಾಮಾನದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮಂಡಳಿ ಮತ್ತೆ ಏಪ್ರಿಲ್‌ನಲ್ಲಿ ಮತ ಕೇಳುವುದೆಂದು ನಿರ್ಧರಿಸಿತು. ಇದು ಕೊನೆಯ ಸಲ. ಈ ಸಲವೂ ಬಿದ್ದುಹೋದರೆ ಬೇಸಿಗೆ ಬಂದೇಬಿಡುತ್ತದೆ, ಬೀಗವೂ ಬೀಳುತ್ತದೆ. ಶಾಲೆಯ ಸಿಬ್ಬಂದಿ ಯಾರೂ ಶಾಲೆಯೊಳಗೆ ಮತದ ಮಾತೆತ್ತಬಾರದು, ಅದು ಕಾನೂನು ಎಂದು ಮುಖ್ಯಾಧಿಕಾರಿ ಟಾಲೆಫ್ಸನ್ ಸಾಹೇಬರು ಎಲ್ಲರಿಗೂ ಕಾಗದ ಹಂಚಿದರು. ವರ್ಲಾ ಸಹಿ ಹಾಕಿ ವಾಪಸು ಕೊಟ್ಟಳು.

ಫೆಬ್ರುವರಿಯ ಕೊನೆಯ ಶನಿವಾರ ಊರಿನ ಅಗ್ನಿಶಾಮಕ ದಳದ ಊಟ. ಪ್ರತಿ ವರ್ಷ ಅದು ಶಾಲೆಯ ಊಟದ ಕೋಣೆಯಲ್ಲೇ. ಮಾಂಸ-ಬೀನ್ಸಿನ ಖಾರದ ಸಾರು, ಜೊತೆಗೆ ಚಕ್ಕೆ ಹಾಕಿದ ಸಿಹಿ ಬನ್ನು. ಎರಡನ್ನೂ ಒಟ್ಟಿಗೆ ತಿನ್ನದವನು ನಮ್ಮ ಊರಿನವನೇ ಅಲ್ಲ. ಆ ವಾರ ಬಿಸಿಲು ಬಂದು ಸೂರಿನ ಮೇಲಿನ ಒಂದಡಿ ಹಿಮ ಕರಗತೊಡಗಿತ್ತು.

ಬಾಗಿಲಲ್ಲಿ ಕಾಲಿಟ್ಟವರು ಅಲ್ಲೇ ನಿಂತರು. ಊಟದ ಕೋಣೆಯ ಚಾವಣಿ ಹಲಗೆಗಳನ್ನೆಲ್ಲ ವರ್ಲಾ ಕಿತ್ತು ಗೋಡೆಗೆ ಒರಗಿಸಿಟ್ಟಿದ್ದಳು. ಮೇಲೆ ಕಪ್ಪು ಹಿಡಿದ ತೊಲೆಗಳು. ತೊಲೆಗಳ ಕೆಳಗೆ ಅವಳು ಕಟ್ಟಿದ್ದ ಕಬ್ಬಿಣದ ಕಂಬಿಗಳು. ಆ ಕಂಬಿಗಳ ಮೇಲೆ ಸಾಲಾಗಿ ಪಾತ್ರೆಗಳು: ಐಸ್‌ಕ್ರೀಮ್ ಡಬ್ಬ, ಬೋಗುಣಿ, ಮಾಂಸ ಬೇಯಿಸುವ ತಟ್ಟೆ, ಕೇಕಿನ ಅಚ್ಚು. ನಲವತ್ತಮೂರು ಪಾತ್ರೆ. ಒಂದೊಂದಕ್ಕೂ ಟಪ್, ಟಪ್ ಅಂತ ನೀರು ಬೀಳುತ್ತಿತ್ತು. ಹದಿನಾಲ್ಕು ವರ್ಷ ಅವಳು ಮಕ್ಕಳು ಬರುವ ಮೊದಲೇ ಏಣಿ ಹತ್ತಿ ಅವನ್ನೆಲ್ಲ ಬರಿದು ಮಾಡಿ, ಹಲಗೆ ಮುಚ್ಚಿ, ಏನೂ ಆಗಿಲ್ಲವೆಂಬಂತೆ ಇಳಿದು ಬರುತ್ತಿದ್ದಳು. ಊರಿಗೆ ಊರೇ ಅದರ ಕೆಳಗೆ ಕುಳಿತು ಉಂಡು ಹೋಗಿತ್ತು.

ತಲೆ ಎತ್ತಿ ನೋಡಿದರೆ ಕಾಣುವುದು ಪಾತ್ರೆಗಳ ತಳ. ಅಲ್ಲೇ ಇದ್ದದ್ದು ತಮಾಷೆ, ತಮಾಷೆ ಅನ್ನುವುದಾದರೆ. ನಮ್ಮಲ್ಲಿ ಚರ್ಚಿನ ಊಟಕ್ಕೋ ಸಾವಿನ ಮನೆಗೋ ಅಡುಗೆ ಒಯ್ದರೆ ಪಾತ್ರೆಯ ತಳಕ್ಕೆ ಬಿಳಿ ಟೇಪು ಅಂಟಿಸಿ ಹೆಸರು ಬರೆಯುತ್ತೇವೆ, ವಾಪಸು ಬರಲಿ ಎಂದು. ಬರದೆ ಉಳಿದ ಪಾತ್ರೆಗಳೆಲ್ಲ ಅಲ್ಲಿದ್ದವು, ಹೆಸರುಗಳ ಸಮೇತ. ನೋವಾಕ್. ಶಿಮೆಕ್. ಲುಥೆರನ್ ಹೆಂಗಸರ ಸಂಘ. ಅವಳಿಗೆ ಕೊಟ್ಟ ಐಸ್‌ಕ್ರೀಮ್ ಡಬ್ಬಗಳಿಗೂ ಅಭ್ಯಾಸಬಲದಿಂದ ನನ್ನ ಹೆಸರು ಬರೆದಿದ್ದೆ; ಅಂಥ ಐದು ಡಬ್ಬ ಈ ಊಟಕ್ಕೆ ನಾನು ಪ್ರತಿ ವರ್ಷ ಕೂರುವ ಜಾಗದ ನೇರ ಮೇಲೆ ಇದ್ದವು. ಸಾರಿನ ಬಟ್ಟಲು ಹಿಡಿದು ನಿಂತವನಿಗೆ ಕಾಲಿನಿಂದ ತಲೆವರೆಗೆ ನಾಚಿಕೆ ಏರಿತು.

ಟಾಲೆಫ್ಸನ್ ಸಾಹೇಬರು ಬಿಳಿಚಿಕೊಂಡು ಓಡಿಬಂದರು.

"ವರ್ಲಾ, ಇದು ಪ್ರಚಾರ. ಇದನ್ನ ಈಗಲೇ ಮುಚ್ಚಿ."

"ನಾನು ಯಾರ ಹತ್ರಾನೂ ಮತ ಕೇಳಿಲ್ಲ ಸಾರ್. ಬಾಯೇ ಬಿಟ್ಟಿಲ್ಲ. ನೀರು ಬೀಳೋ ಕಡೆ ಪಾತ್ರೆ ಇಡೋದು ನನ್ನ ಕೆಲಸ."

"ಹಲಗೆ ತೆಗೀರಿ ಅಂತ ಯಾರು ಹೇಳಿದ್ರು?"

"ಹಾಕು ಅಂತಾನೂ ಯಾರೂ ಹೇಳಿರ್ಲಿಲ್ಲ. ಹದಿನಾಲ್ಕು ವರ್ಷ ನನ್ನಷ್ಟಕ್ಕೆ ನಾನು ಹಾಕಿದೀನಿ. ಇವತ್ತು ನನ್ನಷ್ಟಕ್ಕೆ ನಾನು ತೆಗೆದಿದೀನಿ."

"ನಾನು ಹೇಳ್ತಿದೀನಿ, ಮುಚ್ಚಿ."

"ಇಲ್ಲ," ಅಂದಳು ವರ್ಲಾ. ಸಾರಿನ ಸೌಟು ಎತ್ತಿಕೊಂಡು ಮುಂದಿನವರ ಬಟ್ಟಲಿಗೆ ಬಡಿಸಿದಳು.

ಅಷ್ಟರಲ್ಲಿ ಡ್ವೇನ್ ಪ್ರೀಸ್ ಕೋಣೆಯ ಮಧ್ಯೆ ನಿಂತು ಮೇಲೆ ನೋಡುತ್ತಿದ್ದ. ಅವನ ತಲೆಯ ಮೇಲೆ ಒಂದು ದೊಡ್ಡ ನೀಲಿ ತಟ್ಟೆ, ತಳದ ಟೇಪಿನಲ್ಲಿ ವಾಲಿದ ಕೈಬರಹ: ಆರ್ಲಿಸ್ ಪ್ರೀಸ್. ಅವನ ಹೆಂಡತಿ. ತೀರಿಕೊಂಡು ಆರು ವರ್ಷವಾಗಿತ್ತು.

"ಅದು ನಮ್ಮನೇದು," ಅಂದ. "ಅದನ್ನ ಎಷ್ಟು ಹುಡುಕಿದೀನಿ ಗೊತ್ತಾ? ಕದ್ದು ಇಟ್ಕೊಂಡಿದೀಯ?"

"ಆರ್ಲಿಸ್ ತಾನೇ ಕೊಟ್ಟಿದ್ದು. ಇಲ್ಲಿ ಅಡುಗೆ ಮಾಡ್ತಿದ್ಲಲ್ಲ, ಅವಳಿಗೆಲ್ಲಾ ಗೊತ್ತಿತ್ತು. ಏಣಿ ಹಿಡ್ಕೊಳ್ತಿದ್ದೋಳೇ ಅವಳು."

"ಇಳಿಸಿ ಕೊಡು."

"ಕೊಡ್ತೀನಿ ಡ್ವೇನ್. ಸೂರು ಆದ್ಮೇಲೆ."

"ನನ್ನ ಪಾತ್ರೆ ನಂಗೆ ಕೊಡೋಕೆ ಷರತ್ತು ಹಾಕ್ತೀಯಾ?"

"ಷರತ್ತಲ್ಲಪ್ಪ. ಈಗ ತೆಗೆದ್ರೆ ನೀರು ನಿನ್ನ ತಲೆ ಮೇಲೆ ಬೀಳುತ್ತೆ."

ಯಾರೋ ಮೂಲೆಯಲ್ಲಿ ನಕ್ಕರು. ಡ್ವೇನ್ ಬಟ್ಟಲು ಕೆಳಗಿಟ್ಟು ಹೊರಟುಹೋದ. ಉಳಿದವರು ತಮ್ಮ ತಮ್ಮ ಹೆಸರಿನ ಕೆಳಗೆ ಕುಳಿತು, ಟಪ್ ಟಪ್ ಸದ್ದು ಕೇಳುತ್ತ ಉಂಡರು.

ಸೋಮವಾರ ವರ್ಲಾಳ ಕೈಗೆ ಕಾಗದ ಬಂತು: ಮೇಲಿನವರ ಮಾತು ಮೀರಿದ್ದಕ್ಕೆ ಮೂರು ದಿನ ಸಂಬಳವಿಲ್ಲದ ಅಮಾನತು. ಮೂವತ್ತೊಂದು ವರ್ಷದಲ್ಲಿ ಅವಳು ಜ್ವರಕ್ಕೂ ರಜೆ ಹಾಕಿದವಳಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕ್ಷಮೆ ಕೇಳಿಬಿಡು, ಮುಗಿದುಹೋಗಲಿ ಎಂದು ಹೇಳಿದೆ.

"ಯಾತಕ್ಕೆ ಕೇಳ್ಲಿ? ಮುಚ್ಚಿಟ್ಟಿದ್ದಕ್ಕಾದ್ರೆ ಕೇಳ್ತೀನಿ, ಇಡೀ ಊರಿನ ಮುಂದೆ ಕೇಳ್ತೀನಿ. ತೋರಿಸಿದ್ದಕ್ಕೆ ಕೇಳಲ್ಲ."

ಹಿಮ ಮಾತ್ರ ಅಮಾನತಿಗೆ ಕಾಯಲಿಲ್ಲ, ಕರಗುತ್ತಲೇ ಇತ್ತು. ಮಂಗಳವಾರ ಟಾಲೆಫ್ಸನ್ ಸಾಹೇಬರು ಅವಳ ಮನೆಬಾಗಿಲಿಗೆ ಬಂದರು. ಪಾತ್ರೆ ಎಲ್ಲೆಲ್ಲಿವೆ, ಯಾವುದು ಬೇಗ ತುಂಬುತ್ತದೆ ಎಂದು ಕೇಳಿದರು. ಊಟದ ಕೋಣೆಯವು ಕಾಣುತ್ತಿದ್ದವು, ಕಾರಿಡಾರಿನವು ಇನ್ನೂ ಹಲಗೆಯ ಹಿಂದೆಯೇ ಇದ್ದವು. ವರ್ಲಾ ಒಂದು ಹಾಳೆಯಲ್ಲಿ ಎಲ್ಲ ಗುರುತು ಹಾಕಿ ಕೊಟ್ಟಳು. ತಾನು ಮಾತ್ರ ಹೋಗಲಿಲ್ಲ. "ನೀವೇ ರಜೆ ಕೊಟ್ಟಿದೀರಲ್ಲ ಸಾರ್," ಅಂದಳು. ಆ ಮನುಷ್ಯ ಎರಡು ದಿನ ಟೈ ಕಟ್ಟಿಕೊಂಡೇ ಏಣಿ ಹತ್ತಿ ಇಳಿದರು. ಗುರುವಾರ ಅವಳು ಕೆಲಸಕ್ಕೆ ಹೋದಾಗ ಕಾರಿಡಾರಿನ ಹಲಗೆಗಳೂ ಗೋಡೆಗೆ ಒರಗಿದ್ದವು. ಮತ್ತೆ ಮುಚ್ಚಿ ಎಂದು ಅವರು ಹೇಳಲೂ ಇಲ್ಲ.

ಏಪ್ರಿಲ್‌ನ ಮೊದಲ ಮಂಗಳವಾರ ಮತ ನಡೆಯಿತು. ನಾನು ಬೆಳಿಗ್ಗೆಯೇ ಹೋಗಿ ಹೂಂ ಅನ್ನುವ ಕಡೆ ಇದ್ದ ಸೊನ್ನೆಯನ್ನು ಪೆನ್ನಿನಿಂದ ತುಂಬಿದೆ, ಕಾಗದ ಹರಿಯುವಷ್ಟು ಒತ್ತಿದೆ. ಒಂಬೈನೂರ ಹನ್ನೊಂದು ಮತ, ಬೇಕಿದ್ದದ್ದು ಐನೂರ ನಲವತ್ತೇಳು. ಐನೂರ ಐವತ್ತಾರು ಬಂದವು. ಒಂಬತ್ತು ಹೆಚ್ಚು. ವರ್ಲಾಗೆ ಫೋನ್ ಮಾಡಿದರೆ, "ಹಾಗಾದ್ರೆ ನಾಳೆ ಬೇಗ ಏಳ್ಬೇಕು, ಮಳೆ ಬರೋ ಹಾಗಿದೆ," ಅಂದಳು. ಫೋನ್ ಇಡುವ ಮೊದಲು ಅವಳು ಅಳುತ್ತಿದ್ದದ್ದು ನನಗೆ ಕೇಳಿಸಿತು.

ಬೇಸಿಗೆಯಲ್ಲಿ ಹೊಸ ಸೂರು ಬಂತು. ಆಗಸ್ಟಿನಲ್ಲಿ ಅವಳು ಊಟದ ಕೋಣೆಯ ನಲವತ್ತಮೂರು ಪಾತ್ರೆಗಳನ್ನೂ ಕಾರಿಡಾರಿನವನ್ನೂ ಇಳಿಸಿ ನನ್ನ ಪಿಕಪ್ಪಿಗೆ ತುಂಬಿದಳು. ಟೇಪು ಓದಿ ಓದಿ ಮನೆ ಮನೆಗೆ ತಲುಪಿಸಿದೆವು. ಡ್ವೇನ್ ಪ್ರೀಸನ ಮನೆ ಹತ್ತಿರ ಬಂದಾಗ, ನಾನು ಕೊಟ್ಟು ಬರುತ್ತೇನೆ, ನೀನು ಗಾಡಿಯಲ್ಲೇ ಇರು ಅಂದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಅವಳು ನೀಲಿ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದ್ದಳು. ನಾನು ಹಿಂದೆಯೇ ಹೋದೆ.

ಡ್ವೇನ್ ಬಾಗಿಲು ತೆರೆದ. ತಟ್ಟೆ ನೋಡಿದ, ಅವಳನ್ನು ನೋಡಿದ.

"ನಾನು ಎರಡನೇ ಸಲಾನೂ ಬೇಡ ಅಂತಲೇ ಹಾಕಿದ್ದು. ಹೇಳಿಬಿಡ್ತೀನಿ."

"ಗೊತ್ತು. ಆದ್ರೂ ತಟ್ಟೆ ನಿಂದೇ."

ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ತಿರುಗಿಸಿ ತಳದ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಒಳಗೆ ನೋಡಿದ. ನೀರು ನಿಂತು ನಿಂತು ಸುತ್ತಲೂ ತುಕ್ಕು ಬಣ್ಣದ ಗೆರೆಗಳು ಬಿದ್ದಿದ್ದವು, ಒಂದರ ಮೇಲೊಂದು. ನನಗೂ ಆಗಲೇ ಹೊಳೆದದ್ದು, ಆ ದಿನ ನಾವು ಹಂಚಿದ ಒಂದು ಪಾತ್ರೆಯನ್ನೂ ಅವಳು ತೊಳೆದಿರಲಿಲ್ಲ. ಬೇರೆಯವರ ಪಾತ್ರೆಯನ್ನು ಹಾಗೆ ಕೊಡುವುದು ನಮ್ಮಲ್ಲಿ ಇಲ್ಲವೇ ಇಲ್ಲ.

"ತೊಳೆದು ಕೊಡಬಹುದಿತ್ತು, ವರ್ಲಾ."

"ತೊಳೆದೂ ತೊಳೆದೂ ಶಾಲೇನೇ ಕಳ್ಕೊಳ್ತಿದ್ದೆ," ಅಂದಳು ನಮ್ಮಕ್ಕ. "ಇದನ್ನ ನೀನೇ ತೊಳ್ಕೊ."

ಅಷ್ಟು ಹೇಳಿ ಮೆಟ್ಟಿಲಿಳಿದು ಗಾಡಿ ಹತ್ತಿ, ಮುಂದಿನ ಡಬ್ಬದ ಹೆಸರು ಓದಿದಳು.