ಗುಡುಗು ಮೆಲ್ಲಗೆ ಹಾಡಿದ ಮಧ್ಯಾಹ್ನ

ಬ್ಯಾಂಡಿನವರು ಅವಳನ್ನು ಗುಡುಗು ಎಂದೇ ಕರೆಯುತ್ತಿದ್ದರು. ಹದಿನೇಳನೆಯ ವಯಸ್ಸಿನಲ್ಲಿ ಡ್ರಮ್ಮಿನ ಹಿಂದೆ ಕೂತವಳು ಮೂವತ್ತೊಂಬತ್ತಾದರೂ ಅಲ್ಲಿಂದ ಎದ್ದಿರಲಿಲ್ಲ. ಮುಂದೆ ನಿಂತು ಹಾಡುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ. ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅವರ ತಾಲೀಮು. ತಗಡಿನ ಮಾಡು ನಡುಗಿ, ಪಕ್ಕದ ಮನೆಯ ಅಜ್ಜ ಊರುಗೋಲಿನಿಂದ ಗೋಡೆ ಕುಟ್ಟಿದರೆ ಅವತ್ತಿನ ತಾಲೀಮು ಚೆನ್ನಾಗಿ ಆಯಿತೆಂದು ಅರ್ಥ. ಇಪ್ಪತ್ತೆರಡು ವರ್ಷ ಅವಳು ನೋಡಿದ್ದು ಅಣ್ಣನ ಬೆನ್ನನ್ನು. ಅವನ ಅಂಗಿ ಮೊದಲು ಎಲ್ಲಿ ಬೆವರುತ್ತದೆ, ಮೇಲಿನ ಸ್ವರಕ್ಕೆ ಹೋಗುವ ಮುನ್ನ ಯಾವ ಭುಜ ಏರುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಪ್ರತಿಯೊಂದು ಹಾಡನ್ನೂ ಅವಳು ತುಟಿಯಲ್ಲೇ ಹಾಡಿಕೊಳ್ಳುತ್ತಿದ್ದಳು. ಅವಳ ಮುಂದೆ ಮೈಕಿರಲಿಲ್ಲ. ಇದ್ದಿದ್ದರೂ ತನ್ನದೇ ಸದ್ದಿನಲ್ಲಿ ತನಗೇ ಏನೂ ಕೇಳುತ್ತಿರಲಿಲ್ಲ.

ಬ್ಯಾಂಡು ಶನಿವಾರದ ಮಾತು. ಹೊಟ್ಟೆಪಾಡಿಗೆ ಲಾಂಡ್ರಿ. ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಗೆದು ಒಣಗಿದ ಬಟ್ಟೆ ಯಂತ್ರದಿಂದ ಹೊರಬೀಳುವಾಗ ಕೋಣೆಯ ತುಂಬ ಬೆಳ್ಳನೆಯ ಹಬೆ. ಆಚೆ ತುದಿಯಲ್ಲಿ ನಿಂತವರ ಮುಖ ಕರಗಿಹೋಗಿ, ಗಾಳಿಯಲ್ಲಿ ತೇಲುವ ಎರಡು ಕೈ ಮಾತ್ರ ಕಾಣುತ್ತಿದ್ದವು. ಅಷ್ಟುದ್ದದ ಬಟ್ಟೆ ಮಡಿಸಲು ಇಬ್ಬರು ಬೇಕು. ಆ ಇನ್ನೊಂದು ಜೊತೆ ಕೈ ದೊಡ್ಡಕ್ಕನದು. ಅರವತ್ತು ದಾಟಿದ, ಗಿಡ್ಡ ಮೈಕಟ್ಟಿನ ಆಕೆ ಇಡೀ ಲಾಂಡ್ರಿಗೆ ದೊಡ್ಡಕ್ಕ, ಮ್ಯಾನೇಜರಿಗೂ ದೊಡ್ಡಕ್ಕನೇ. ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ. ಹೆಜ್ಜೆಗೆ ತಕ್ಕ ಹಾಗೆ ದೊಡ್ಡಕ್ಕ ಹಾಡುತ್ತಿದ್ದಳು:

ಅಂಚಿಗೆ ಅಂಚು ತಾರೇ ತಂಗಿ
ನಡುವೆ ಗಾಳಿ ನಿಲ್ಲದ ಹಾಗೆ
ಯಾರೋ ಮಲಗುವರು ನಾಳೆ ಇದರೊಳಗೆ
ನೋವಿನ ಸುಕ್ಕು ಉಳಿಯದ ಹಾಗೆ

ಅದನ್ನು ದೊಡ್ಡಕ್ಕನಿಗೆ ಕಲಿಸಿದ್ದು ಅವಳ ತಾಯಿ. ತಾಯಿಗೆ ಕಲಿಸಿದ್ದು ಜೊತೆಗೆ ಬಟ್ಟೆ ಒಗೆಯುತ್ತಿದ್ದ ಇನ್ನಾರೋ. ಅದರಾಚೆ ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಗುಡುಗು ಅದನ್ನು ಕಿವಿಗೊಟ್ಟು ಕೇಳಲೇ ಇಲ್ಲ. ಯಂತ್ರದ ಸದ್ದಿನಂತೆ ಅದೂ ಒಂದು.

ಆಮೇಲೆ ಮಡಿಸುವ ಯಂತ್ರ ಬಂತು. ಒಂದು ಕಡೆ ಬಟ್ಟೆ ಕೊಟ್ಟರೆ ಇನ್ನೊಂದು ಕಡೆ ಇಸ್ತ್ರಿ ಹೊಡೆದ ಚೌಕ ಬೀಳುತ್ತಿತ್ತು. ದೊಡ್ಡಕ್ಕ ನಿವೃತ್ತಳಾಗಿ ಮನೆಗೆ ಹೋದಳು. ಅದಾದ ಮೂರನೆಯ ದಿನ, ಊಟದ ಬಿಡುವಿಗೆ ಯಂತ್ರಗಳೆಲ್ಲ ನಿಂತಿದ್ದಾಗ, ಆ ಬಿಳಿ ಮಬ್ಬಿನಲ್ಲಿ ಯಾರೋ ಹಾಡುತ್ತಿರುವುದು ಗುಡುಗಿಗೆ ಕೇಳಿಸಿತು. ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಹಾಡುತ್ತಿದ್ದ ಬಾಯಿ ತನ್ನದೇ. ತಗ್ಗಿದ, ಸ್ವಲ್ಪ ಒರಟಾದ, ತುದಿಯಲ್ಲಿ ಮೆತ್ತಗಾಗುವ ದನಿ. ಇದು ಇಷ್ಟು ದಿನ ಎಲ್ಲಿತ್ತು ಎಂದು ಅವಳು ಕೈಯಲ್ಲಿದ್ದ ಬಟ್ಟೆಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು.

ಮುಂದೊಂದು ದಿನ ಅದೇ ಬಿಡುವಿನಲ್ಲಿ, ಒಗೆಯಲು ಕೊಟ್ಟ ಪರದೆಗಳನ್ನು ಒಯ್ಯಲು ಬಂದ ಲೈಬ್ರರಿಯ ಮೇಡಂ ಬಾಗಿಲಲ್ಲೇ ನಿಂತು ಪೂರ್ತಿ ಹಾಡು ಕೇಳಿದರು.

"ಇದು ಯಾವ ಹಾಡು?"

"ಬಟ್ಟೆ ಮಡಿಸೋ ಹಾಡು, ಮೇಡಂ."

"ತಿಂಗಳ ಕೊನೇ ಭಾನುವಾರ ನಮ್ಮ ಓದೋ ಕೋಣೇಲಿ ಯಾರಾದ್ರೂ ಒಬ್ಬರು ಹಾಡ್ತಾರೆ. ಈ ಸಲ ನೀವು ಬನ್ನಿ."

"ನಾನು ಡ್ರಮ್ ಬಾರಿಸೋಳು."

"ಅದೊಂದನ್ನ ತರಬೇಡಿ. ಅದು ಲೈಬ್ರರಿ."

ಅಂದು ಸಂಜೆಯೇ ಅವಳು ದೊಡ್ಡಕ್ಕನ ಮನೆಗೆ ಹೋಗಿ ಅಪ್ಪಣೆ ಕೇಳಿದಳು.

"ನನ್ನನ್ನೇನು ಕೇಳ್ತೀಯ? ನಾನು ಹೆತ್ತಿದ್ದಲ್ಲ, ಸಾಕಿದ್ದು ಅಷ್ಟೇ," ಎಂದಳು ದೊಡ್ಡಕ್ಕ. "ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಹಾಡು. ಆದ್ರೆ ಒಂದೇ ಹಾಡು ಹಿಡ್ಕೊಂಡು ಹೋದ್ರೆ ಜನ ಏನಂದಾರು? ಕೂತ್ಕೋ." ಮೂರು ವಾರದಲ್ಲಿ ಇನ್ನೈದು ಹಾಡು ಕಲಿಸಿದಳು.

ಅಣ್ಣನಿಗೆ ಹೇಳುವುದೇ ಕಷ್ಟವಾಯಿತು. ಶೆಡ್ಡಿನಲ್ಲಿ ತಂತಿ ಸುತ್ತಿಡುತ್ತಿದ್ದವನು ಮೊದಲು ನಕ್ಕ.

"ಒಂದೇ ಮನೆಗೆ ಎರಡು ಗಂಟಲಾ?" ಆಮೇಲೆ ನಗು ನಿಂತಿತು. "ಬ್ಯಾಂಡ್ ಬಿಡ್ತೀಯಾ?"

"ಇಲ್ಲಣ್ಣ."

"ಮತ್ತೆ ನಮ್ಮ ಜೊತೆನೇ ಹಾಡು. ಬೇಡ ಅಂದವರು ಯಾರು?"

"ಇವಕ್ಕೆ ಡ್ರಮ್ ಕೂಡಲ್ಲ. ಬಾರಿಸಿ ನೋಡಿದೆ. ಹಾಡು ಉಸಿರು ಕಟ್ಟಿ ಸತ್ತೇ ಹೋಗುತ್ತೆ."

ಅವನು ಮತ್ತೆ ತಂತಿ ಸುತ್ತತೊಡಗಿದ. ಒಂದು ವಾರ ಹೂಂ, ಉಹೂಂ ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಬರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಅವಳು ಬಾಗಿಲು ತೆರೆದರೆ, ಅಣ್ಣ ಕಾಲೇಜಿನ ಕಾಲದಲ್ಲಿ ನುಡಿಸುತ್ತಿದ್ದ ಮರದ ಗಿಟಾರು ಗೋಡೆಗೆ ಒರಗಿ ನಿಂತಿತ್ತು. ಆರೂ ತಂತಿ ಹೊಸದು. ಡ್ರಮ್ಮಿಗೆ ಕೂರುವ ಮೊದಲು ಅವಳು ಅಣ್ಣನಿಂದ ಅಷ್ಟಿಷ್ಟು ನುಡಿಸಲು ಕಲಿತಿದ್ದು ಅದರ ಮೇಲೆಯೇ.

ಆ ಭಾನುವಾರ ಓದುವ ಕೋಣೆಯಲ್ಲಿ ಮೂವತ್ತು ಕುರ್ಚಿ ಹಾಕಿದ್ದರು. ತೊಳೆದ ಪರದೆಗಳ ಮೂಲಕ ಬಿಸಿಲು ಹಾಲಿನ ಬಣ್ಣಕ್ಕೆ ತಿರುಗಿ ಒಳಗೆ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ದೊಡ್ಡಕ್ಕ, ಪಕ್ಕದಲ್ಲೇ ಕೈಕಟ್ಟಿ ಕೂತ ಅಣ್ಣ. ಗಿಟಾರು ತೊಡೆಯ ಮೇಲಿಟ್ಟುಕೊಂಡು ಗುಡುಗು ಕೂತಾಗ ಎದುರಿಗೆ ಏನೂ ಇರಲಿಲ್ಲ. ಡ್ರಮ್ಮಿಲ್ಲ, ತಾಳದ ತಟ್ಟೆಯಿಲ್ಲ, ಅಣ್ಣನ ಬೆನ್ನೂ ಇಲ್ಲ. ಬರೀ ಮುಖಗಳು.

ಶುರುಮಾಡಿದ್ದೇ ತಡ, ಬಲಗಾಲು ಹಳೆಯ ಚಟಕ್ಕೆ ಮರದ ನೆಲವನ್ನು ಧಬಧಬ ತುಳಿಯತೊಡಗಿತು. ಕಾಲು ಓಡಿತು, ಕಾಲಿನ ಹಿಂದೆ ಹಾಡು ಓಡಿತು, ಗಿಟಾರು ಎರಡನ್ನೂ ಹಿಡಿಯಲಾಗದೆ ಹಿಂದೆ ಬಿತ್ತು. ಎರಡನೆಯ ಸಾಲಿಗೇ ಅವಳು ನಿಲ್ಲಿಸಿದಳು.

"ತಪ್ಪಾಯ್ತು. ಕಾಲು ನನ್ನ ಮಾತು ಕೇಳ್ತಿಲ್ಲ," ಎಂದಳು. ಜನ ಮೆಲ್ಲಗೆ ನಕ್ಕರು. ಅವಳು ಆ ಕಾಲನ್ನೆತ್ತಿ, ಕುರ್ಚಿಯ ಮೇಲೆ ಮಡಚಿ ಕೂತು, ಒಂದು ಉಸಿರು ಬಿಟ್ಟು ಮತ್ತೆ ಹಿಡಿದಳು.

ಈ ಸಲ ಹಾಡು ಓಡಲಿಲ್ಲ. ಬಿಸಿ ಬಟ್ಟೆಯೊಂದನ್ನು ಇಬ್ಬರು ಝಾಡಿಸಿ ಬಿಟ್ಟಾಗ ಅದು ಗಾಳಿ ತುಂಬಿಕೊಂಡು ನಿಧಾನಕ್ಕೆ ಇಳಿಯುವಂತೆ, ಒಂದೊಂದು ಸಾಲೂ ಇಳಿಯಿತು. ಸಾಲು ಮುಗಿದಲ್ಲಿ ಅವಳು ಕಾದಳು. ಇಷ್ಟು ವರ್ಷ ಸಿಕ್ಕಿದ ಸಂದಿಗೆಲ್ಲ ಒಂದು ಏಟು ಹಾಕುವುದೇ ಅವಳ ಕೆಲಸವಾಗಿತ್ತು. ಈಗ ಸಂದಿಯನ್ನು ಹಾಗೇ ಬಿಟ್ಟಳು. ಅಲ್ಲಿ ಪರದೆ ಸರಿದಾಡಿದ ಸದ್ದು, ಯಾರದೋ ಕುರ್ಚಿ ಕಿರ್ ಎಂದದ್ದು ಬಂದು ಕೂತವು. ಎರಡನೆಯ ಹಾಡಿಗೆ ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೋಣೆಯೂ ಜನರೂ ಹಬೆಯಲ್ಲಿ ಕರಗಿ, ತನ್ನ ದನಿಯೂ ಇನ್ನಾರದೋ ದನಿಯೂ ದೂರದಿಂದ ಎದುರಾಗಿ ಬಂದು, ಅಂಚು ಸೇರಿಸಿ, ಮತ್ತೆ ಹಿಂದೆ ಸರಿದು ಹೋಗುತ್ತಿದ್ದಂತೆ ಅವಳಿಗೆ ಭಾಸವಾಯಿತು. ಎಷ್ಟು ಹೊತ್ತು ಹಾಡಿದಳೋ ತಿಳಿಯಲಿಲ್ಲ.

ಆರನೆಯ ಹಾಡು ಮುಗಿಸಿ ಕಣ್ಣು ಬಿಟ್ಟರೆ ಚಪ್ಪಾಳೆಯಿಲ್ಲ. ಅರ್ಧ ಕೋಣೆ ನಿದ್ದೆಹೋಗಿತ್ತು. ಹಿಂದೆ ಒಬ್ಬರು ಬಾಯಿ ತೆರೆದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ದೊಡ್ಡಕ್ಕನ ತಲೆ ಅಣ್ಣನ ಭುಜದ ಮೇಲೆ. ಅವಳಿಗೆ ಎಚ್ಚರವಾದೀತೆಂದು ಅವನು ಕಲ್ಲಿನಂತೆ ಕೂತಿದ್ದ. ಅವನ ಕಣ್ಣು ಮಾತ್ರ ತಂಗಿಯ ಮುಖ ಬಿಟ್ಟು ಕದಲಿರಲಿಲ್ಲ.

ಗುಡುಗಿನ ಮುಖ ಕಪ್ಪಿಟ್ಟಿತು. ಅವಳ ಕಸುಬಿನಲ್ಲಿ ಕೇಳುವವರು ತೂಕಡಿಸಿದರೆ ಮುಗಿಯಿತು ಕತೆ. ಎಚ್ಚರವಿದ್ದವರು ಒಬ್ಬೊಬ್ಬರಾಗಿ, ಮಲಗಿದವರನ್ನು ನೋಡಿಕೊಂಡು, ಮೆತ್ತಗೆ ಕೈತಟ್ಟಿದರು. ಆ ಸದ್ದಿಗೆ ದೊಡ್ಡಕ್ಕ ಕಣ್ಣು ಬಿಟ್ಟಳು.

"ಬೇಜಾರಾಯ್ತಾ ದೊಡ್ಡಕ್ಕ?" ಗುಡುಗು ಬಂದು ಅವಳ ಕಾಲ ಬಳಿ ಕೂತಳು.

"ಬೇಜಾರು ಎಲ್ಲಿಂದ ಬಂತು? ನಮ್ಮಮ್ಮ ಇದನ್ನ ಹಾಡ್ತಿದ್ದಿದ್ದೇ ನಿದ್ದೆ ಹತ್ತಬಾರದು ಅಂತ. ನಾನೂ ಹಾಗೇ. ನಲವತ್ತು ವರ್ಷ ಎಚ್ಚರವಾಗಿ ಇಟ್ಟಿತ್ತು ಈ ಹಾಡು. ಇವತ್ತು ಕೆಲಸ ಬೇರೆಯವರು ಮಾಡ್ತಿದ್ದಾರೆ, ನಾನು ಕಣ್ಣು ಮುಚ್ಚಿದ್ರೂ ನಡೆಯುತ್ತೆ ಅನ್ನಿಸ್ತು." ಆಮೇಲೆ ದನಿ ತಗ್ಗಿಸಿದಳು. "ನಾಲ್ಕನೇ ಹಾಡಲ್ಲಿ ಒಂದು ಸಾಲು ತಪ್ಪಿದೆ."

"ನಿದ್ದೇಲೂ ಕೇಳಿಸ್ತಾ?"

"ಕೈಗೆ ಕೇಳಿಸ್ತು. ಇರಲಿ ಬಿಡು, ನಿನ್ನ ಸಾಲೇ ಚೆನ್ನಾಗಿದೆ."

ಬಾಗಿಲ ಹತ್ತಿರ ಆಸ್ಪತ್ರೆಯ ನರ್ಸೊಬ್ಬರು ಅವಳನ್ನು ತಡೆದು, ಬುಧವಾರ ಮಧ್ಯಾಹ್ನ ವಾರ್ಡಿಗೆ ಬರುತ್ತೀರಾ ಎಂದು ಕೇಳಿದರು. "ನಮ್ಮಲ್ಲಿ ಮಾತ್ರೆ ಕೊಟ್ಟರೂ ಕಣ್ಣು ಮುಚ್ಚದವರಿದ್ದಾರೆ."

ಅಣ್ಣ ಗಿಟಾರು ಹೊತ್ತುಕೊಂಡು ಜೊತೆಗೆ ನಡೆದ. ಎರಡು ಬೀದಿ ದಾಟಿದ ಮೇಲೆ ಹೇಳಿದ: "ಇಷ್ಟು ವರ್ಷ ಹಾಡಿದೀನಿ. ಒಬ್ಬರನ್ನೂ ಮಲಗಿಸೋಕೆ ಆಗಿಲ್ಲ ನನ್ನ ಕೈಲಿ."

"ಅದಕ್ಕೆ ನಾನೇ ಕಾರಣ, ಅಣ್ಣ."

ಅವನು ರಸ್ತೆಯಲ್ಲೇ ನಿಂತು, ಗಿಟಾರು ಬಿದ್ದೀತೆಂದು ಕೆಳಗಿಟ್ಟು ನಕ್ಕ.

ಬುಧವಾರ ಅವಳು ವಾರ್ಡಿಗೆ ಹೋದಳು. ಹನ್ನೆರಡು ಹಾಸಿಗೆ. ನಾಲ್ಕನೆಯ ಹಾಡಿಗೆ ಹನ್ನೊಂದು ಹಾಸಿಗೆ ಸದ್ದಡಗಿದವು. ಕಿಟಕಿಯ ಬಳಿಯ ಹಾಸಿಗೆಯಲ್ಲಿ ಮಾತ್ರ ಬೆಳ್ಳಿಗೂದಲ ಹೆಂಗಸೊಬ್ಬಳು ಕಣ್ಣರಳಿಸಿ ಮಲಗಿದ್ದಳು.

"ನಿದ್ದೆ ಬರ್ಲಿಲ್ವಾ?" ಗುಡುಗು ಪಿಸುಗುಟ್ಟಿದಳು.

"ಆಗಲೇ ಬಂತು. ಹಾಡು ತಪ್ಪಿಹೋಗುತ್ತಲ್ಲ ಅಂತ ತಡ್ಕೊಂಡಿದೀನಿ."

ಗುಡುಗು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಐದನೆಯದನ್ನು ಶುರುಮಾಡಿದಳು.